ಕುರಿಗಳು ಬೆಟ್ಟವಿಳಿಯುವ ವಾರ

ನಾರ್ವೆಯ ಸೋಗ್ನೆಫ್ಯೆಲ್ ಬೆಟ್ಟದ ರಸ್ತೆಯಲ್ಲಿ ನಾವು ಕಳೆದದ್ದು ಒಂದು ಇರುಳು ಮತ್ತು ಒಂದು ಬೆಳಗು ಮಾತ್ರ. ಹದಿಮೂರು ದಿನಗಳ ಪ್ರವಾಸದಲ್ಲಿ ಕೋಪನ್‌ಹೇಗನ್, ಗೋಥೆನ್‌ಬರ್ಗ್, ಓಸ್ಲೋ, ಬರ್ಗೆನ್ ಎಂಬ ನಾಲ್ಕು ನಗರಗಳನ್ನು ಕಂಡೆ. ಆದರೂ ಊರಿಗೆ ಮರಳಿ ಮೂರು ತಿಂಗಳಾದ ಮೇಲೆ ಕಣ್ಣು ಮುಚ್ಚಿದರೆ ಎದುರಿಗೆ ಬರುವುದು ಆ ಬೆಳಗು, ರಸ್ತೆಯ ತುಂಬ ಇಳಿದು ಬರುತ್ತಿದ್ದ ಕುರಿಮಂದೆ, ಮತ್ತು ನಮಗೆ ನೀರು ಕೊಟ್ಟ ಒಬ್ಬ ಹಿರಿಯರು. ಅದನ್ನು ಮರೆಯುವ ಮುನ್ನ ಬರೆದಿಡಬೇಕೆಂದು ಕುಳಿತಿದ್ದೇನೆ.

ಮಗಳು ಮತ್ತು ಅಳಿಯ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿದ್ದಾರೆ. ಸೆಪ್ಟೆಂಬರ್ ಮಧ್ಯದಲ್ಲಿ ನಾನು ಕೋಪನ್‌ಹೇಗನ್‌ನಲ್ಲಿ ವಿಮಾನ ಇಳಿದಾಗ ಮಗಳು ಕರೆದೊಯ್ಯಲು ಬಂದಿದ್ದಳು. 1913ರಿಂದ ಕಡಲ ದಂಡೆಯ ಬಂಡೆಯ ಮೇಲೆ ಕುಳಿತಿರುವ ಪುಟ್ಟ ಕಡಲಕನ್ಯೆಯ ಪ್ರತಿಮೆಯನ್ನು ಮೊದಲು ನೋಡಿದೆವು. ಅದರ ಸುತ್ತ ಫೋಟೋ ತೆಗೆಯಲು ನುಗ್ಗುತ್ತಿದ್ದ ಜನರ ನಡುವೆ ನನಗೆ ಆ ಪ್ರತಿಮೆ ಏನೂ ಹೇಳಲಿಲ್ಲ. ಅಲ್ಲಿಂದ ಸ್ವೀಡನ್ನಿಗೆ ಹೋಗುವ ರೈಲೇ ಹೆಚ್ಚು ಹಿಡಿಸಿತು. 2000ದಲ್ಲಿ ತೆರೆದ ಓರೆಸುಂಡ್ ಹಾದಿಯಲ್ಲಿ ರೈಲು ಮೊದಲು ಸುಮಾರು 4 ಕಿಲೋಮೀಟರ್ ಕಡಲ ತಳದ ಸುರಂಗದಲ್ಲಿ ಓಡಿ, ಮನುಷ್ಯರೇ ನಿರ್ಮಿಸಿದ ಒಂದು ದ್ವೀಪದ ಮೇಲೆ ಬೆಳಕಿಗೆ ಬಂದು, ಅಲ್ಲಿಂದ ಸುಮಾರು 8 ಕಿಲೋಮೀಟರ್ ಉದ್ದದ ಸೇತುವೆಯನ್ನು ಏರುತ್ತದೆ. ದೇಶದ ಗಡಿಯೊಂದನ್ನು ನೀರಿನ ಮೇಲೆ ದಾಟಿದ್ದು ಅದೇ ಮೊದಲು.

ಗೋಥೆನ್‌ಬರ್ಗಿನಲ್ಲಿ ಬಾಡಿಗೆಗೆ ಪಡೆದ ಕ್ಯಾಂಪರ್‌ವ್ಯಾನ್ ಸುಮಾರು 6 ಮೀಟರ್ ಉದ್ದವಿತ್ತು. ಹಿಂದೆ ಅಡ್ಡಮಂಚ, ಎರಡು ಉರಿಯ ಗ್ಯಾಸ್ ಒಲೆ, ಬಿಸಿನೀರಿನ ಬಾಯ್ಲರ್, ಮೂಲೆಯಲ್ಲಿ ಶೌಚ, ಎಲ್ಲವೂ ಒಂದು ಕೋಣೆಯಷ್ಟು ಜಾಗದಲ್ಲಿ. ನಾನು ಅವಲಕ್ಕಿ, ಹುಳಿಪುಡಿ, ಬೆಲ್ಲ ಮತ್ತು ಪುಟ್ಟ ಕುಕ್ಕರನ್ನು ಜೋಡಿಸಿಕೊಂಡೆ. ಮರುದಿನ ಓಸ್ಲೋ ಸೇರಿದೆವು. ಅಲ್ಲಿ 2008ರಲ್ಲಿ ತೆರೆದ ಆಪೆರಾ ಭವನದ ಬಿಳಿ ಅಮೃತಶಿಲೆಯ ಚಾವಣಿ ನೀರಿನ ಅಂಚಿನಿಂದಲೇ ಇಳಿಜಾರಾಗಿ ಮೇಲೇರುತ್ತದೆ. ಟಿಕೆಟ್ ಇಲ್ಲದೆ ಯಾರು ಬೇಕಾದರೂ ಅದರ ನೆತ್ತಿಯವರೆಗೆ ನಡೆದು ಹೋಗಬಹುದು. ಒಳಗಿನ ಸಂಗೀತಕ್ಕೆ ದುಡ್ಡಿಲ್ಲದವರಿಗೂ ಮೇಲೆ ಕೂರಲು ಜಾಗ ಬಿಟ್ಟು ಕಟ್ಟಿದ ಆ ಮನಸ್ಸು ನನಗೆ ಬಹಳ ಮೆಚ್ಚುಗೆಯಾಯಿತು.

ಓಸ್ಲೋದಿಂದ ಉತ್ತರಕ್ಕೆ ಮ್ಯೋಸಾ ಸರೋವರದ ದಂಡೆ ಹಿಡಿದು, ಗುಡ್‌ಬ್ರಾನ್ಸ್‌ಡಾಲ್ ಕಣಿವೆ ದಾಟಿ, ಒಟ್ಟಾದಲ್ಲಿ ಎಡಕ್ಕೆ ತಿರುಗಿ ಲೋಮ್ ಎಂಬ ಊರು ತಲುಪಲು ಎರಡು ದಿನ ಬೇಕಾಯಿತು. ಹನ್ನೆರಡನೆಯ ಶತಮಾನದ ಮರದ ಇಗರ್ಜಿಯೊಂದು ಅಲ್ಲಿ ಇನ್ನೂ ನಿಂತಿದೆ. ಬಿಸಿಲು ಬಿದ್ದ ಗೋಡೆಯ ಬಳಿ ನಿಂತರೆ ಮರಕ್ಕೆ ಬಳಿದ ಡಾಂಬರಿನ ವಾಸನೆ ಮೂಗಿಗೆ ಬಡಿಯುತ್ತದೆ. ಪಕ್ಕದ ಬೇಕರಿಯ ದಾಲ್ಚಿನ್ನಿ ಬನ್ನು ಬಿಸಿಬಿಸಿಯಾಗಿತ್ತು. ಅಂಗಡಿಯಲ್ಲಿ ಕೊಂಡ ಕಂದು ಚೀಸನ್ನು ಮಗಳು ಅನುಮಾನದಿಂದಲೇ ನನ್ನ ಮುಂದಿಟ್ಟಳು. ಚೀಸ್ ಮಾಡಿದ ಮೇಲೆ ಉಳಿಯುವ ತಿಳಿನೀರಿಗೆ ಹಾಲು, ಕೆನೆ ಬೆರೆಸಿ ಗಂಟೆಗಟ್ಟಲೆ ಕುದಿಸಿ ಗಟ್ಟಿ ಮಾಡಿದ ಪದಾರ್ಥ ಅದು. ಬಾಯಿಗಿಟ್ಟ ಕೂಡಲೇ ತಳ ಹಿಡಿಯುವ ಹೊತ್ತಿಗೆ ಇಳಿಸಿದ ಖೋವಾದ ರುಚಿ ನೆನಪಾಯಿತು. ಉಳಿದ ದಿನಗಳಲ್ಲಿ ಅದನ್ನು ಹೆಚ್ಚಾಗಿ ತಿಂದವಳು ನಾನೇ.

ಲೋಮ್‌ನಿಂದ ಗೌಪ್ನೆಯವರೆಗಿನ 108 ಕಿಲೋಮೀಟರ್ ದಾರಿಯೇ ಸೋಗ್ನೆಫ್ಯೆಲ್ ರಸ್ತೆ. ಇದರ ಅತಿ ಎತ್ತರದ ಜಾಗ 1,434 ಮೀಟರ್. ಉತ್ತರ ಯುರೋಪಿನ ಘಟ್ಟದ ರಸ್ತೆಗಳಲ್ಲಿ ಇದಕ್ಕಿಂತ ಎತ್ತರದ್ದಿಲ್ಲ. ಹಿಂದೆ ಪಡುವಣ ಕಡಲಿನಿಂದ ಉಪ್ಪು ಮತ್ತು ಮೀನು, ಒಳನಾಡಿನಿಂದ ಬೆಣ್ಣೆ ಮತ್ತು ತೊಗಲು ಇದೇ ಬೆಟ್ಟವನ್ನು ಕುದುರೆಗಳ ಬೆನ್ನ ಮೇಲೆ ದಾಟುತ್ತಿದ್ದವು. ವಾಹನ ಹೋಗುವ ರಸ್ತೆ ತೆರೆದದ್ದು 1938ರಲ್ಲಿ, ಅದನ್ನು ಕಡಿದವರು ಕೆಲಸವಿಲ್ಲದೆ ಅಲೆಯುತ್ತಿದ್ದ ತರುಣರು. ಚಳಿಗಾಲ ಪೂರ್ತಿ ಅದು ಹಿಮದಡಿ ಮುಚ್ಚಿರುತ್ತದೆ.

ಮೇಲೇರುತ್ತ ಹೋದಂತೆ ಮೊದಲು ಪೈನ್ ಮರಗಳು ಹಿಂದುಳಿದವು, ಆಮೇಲೆ ಹಳದಿಗೆ ತಿರುಗಿದ ಬರ್ಚ್ ಮರಗಳು ಗಿಡ್ಡವಾಗಿ, ಕೊನೆಗೆ ಮರವೇ ಇಲ್ಲವಾಯಿತು. ಆದರೆ ನೆಲ ಕೆಂಪಗೆ ಹೊತ್ತಿಕೊಂಡಂತಿತ್ತು. ಇಳಿದು ಬಗ್ಗಿ ನೋಡಿದೆ. ಪಾದದ ಗಂಟಿನವರೆಗೂ ಬಾರದ ಕುಳ್ಳ ಬರ್ಚ್ ಗಿಡ, ಹಳೆಯ ಹತ್ತು ಪೈಸೆಯಷ್ಟು ಅಗಲದ ದುಂಡನೆಯ ಎಲೆ, ಅಂಚಿಗೆ ಗರಗಸದ ಹಲ್ಲು, ಪ್ರತಿ ಎಲೆಯೂ ಕುಂಕುಮದ ಬಣ್ಣ. ಅದರ ನಡುವೆ ಬಿಳಿ ಹಸಿರಿನ ಕಲ್ಲುಹೂವು, ಆಚೆ ಹಿಮನದಿಯ ನೀಲಿ. ಸಂಜೆ ಆರರ ಹೊತ್ತಿಗೆ ನೆತ್ತಿಯ ಸಮೀಪದ ವಾಹನ ತಂಗುವ ಜಾಗದಲ್ಲಿ ವ್ಯಾನ್ ನಿಲ್ಲಿಸಿದೆವು.

ಆ ರಾತ್ರಿ ಆದದ್ದನ್ನು ಕ್ಯಾಂಪರ್‌ವ್ಯಾನಿನಲ್ಲಿ ಹೋಗುವ ಪ್ರತಿಯೊಬ್ಬರಿಗೂ ಹೇಳಬೇಕು. ಹೀಟರಿನ ಫ್ಯಾನ್ ಸದ್ದಿಗೆ ನನಗೆ ನಿದ್ದೆ ಬರಲಿಲ್ಲ. "ಅತ್ತೆ, ಆರಿಸಿಬಿಡಲಾ? ಎರಡು ರಜಾಯಿ ಇದೆಯಲ್ಲ" ಎಂದು ಅಳಿಯ ಹೀಟರ್ ಆರಿಸಿದರು. ಬೆಳಿಗ್ಗೆ ಚಹಕ್ಕೆಂದು ನಲ್ಲಿ ತಿರುಗಿಸಿದರೆ ತೊಟ್ಟು ನೀರಿಲ್ಲ. ವ್ಯಾನಿನ ಕೆಳಗೆ ನೆಲ ಗಾಜಿನಂತೆ ಹೆಪ್ಪುಗಟ್ಟಿತ್ತು. ಬಾಯ್ಲರಿನ ನೀರು ಹೆಪ್ಪುಗಟ್ಟಿ ಒಡೆಯಬಾರದೆಂದು ಅದಕ್ಕೊಂದು ಕವಾಟ ಇಟ್ಟಿರುತ್ತಾರೆ. ಅದರ ಸುತ್ತಲಿನ ಉಷ್ಣಾಂಶ ಸುಮಾರು 3 ಡಿಗ್ರಿಗೆ ಇಳಿದರೆ ಅದು ತಾನಾಗಿ ತೆರೆದುಕೊಂಡು ನೀರನ್ನೆಲ್ಲ ಹೊರಗೆ ಬಿಡುತ್ತದೆ, ಮತ್ತೆ ಸುಮಾರು 7 ಡಿಗ್ರಿ ಏರುವವರೆಗೆ ಮುಚ್ಚುವುದಿಲ್ಲ. ಪಂಪಿನ ಸ್ವಿಚ್ಚನ್ನು ನಾವು ಆರಿಸಿರಲಿಲ್ಲವಾದ್ದರಿಂದ ದೊಡ್ಡ ಟ್ಯಾಂಕಿನ ನೀರೂ ಅದೇ ದಾರಿ ಹಿಡಿದಿತ್ತು. ಬಾಡಿಗೆಗೆ ಕೊಟ್ಟವರು ಕುರ್ಚಿ ಮಡಿಸುವುದನ್ನು ಎರಡು ಸಲ ತೋರಿಸಿದ್ದರು, ಈ ಕವಾಟದ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ಬೆಟ್ಟದ ಮೇಲೆ ಮಕ್ಕಳನ್ನೋ ಕಾಯಿಲೆಯವರನ್ನೋ ಕರೆದೊಯ್ದವರ ಗತಿಯೇನು ಎಂದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಶರತ್ಕಾಲದಲ್ಲಿ ಎತ್ತರಕ್ಕೆ ಹೋಗುವವರು ರಾತ್ರಿಯಿಡೀ ಹೀಟರನ್ನು ಸಣ್ಣ ಉರಿಯಲ್ಲಾದರೂ ಇಡಬೇಕು, ಮಲಗುವ ಮುಂಚೆ ಪಂಪ್ ಆರಿಸಬೇಕು, ಕುಡಿಯುವ ನೀರನ್ನು ಬೇರೆ ಕ್ಯಾನಿನಲ್ಲಿ ಮಂಚದ ಬಳಿ ಇಟ್ಟುಕೊಳ್ಳಬೇಕು. ಸೆಪ್ಟೆಂಬರ್ ಮಧ್ಯ ಕಳೆದ ಮೇಲೆ ಅಲ್ಲಿನ ಹಲವು ಕ್ಯಾಂಪಿಂಗ್ ಜಾಗಗಳು ಬಾಗಿಲು ಹಾಕುವುದರಿಂದ ನೀರು ಸಿಕ್ಕಲ್ಲೆಲ್ಲ ತುಂಬಿಸಿಕೊಳ್ಳುವುದೇ ಸರಿ.

ಹೊಳೆಯ ಅಂಚಿನ ಕಲ್ಲುಗಳ ಮೇಲೆಲ್ಲ ಮಂಜುಗಡ್ಡೆ ಕೂತಿದ್ದರಿಂದ ಅಲ್ಲಿಗೆ ಇಳಿಯುವ ಸಾಹಸ ಬೇಡವೆಂದು ಫೋರ್ಟುನ್ ಕಣಿವೆಯತ್ತ ಹೊರಟೆವು. ತಿರುವಿನ ಮೇಲೆ ತಿರುವು. ಮತ್ತೆ ಹಳದಿ ಬರ್ಚ್ ಮರಗಳು ಕಾಣಿಸಿಕೊಂಡ ಕಡೆ ಅಳಿಯ ವ್ಯಾನ್ ನಿಲ್ಲಿಸಿದರು. ಎದುರಿನ ರಸ್ತೆ ಪೂರ್ತಿ ಕುರಿಗಳು.

ಬೇಸಿಗೆಯ ಮೊದಲಲ್ಲಿ ಬೆಟ್ಟಕ್ಕೆ ಬಿಟ್ಟ ಕುರಿಗಳನ್ನು ಹಿಮ ಬೀಳುವ ಮುನ್ನ ಇಳಿಸಿ ತರುವ ಕಾಲವದು. ಬಿಳಿಯವು, ಬೂದು ಬಣ್ಣದವು, ಕೊರಳಲ್ಲಿ ಗಂಟೆ ಕಟ್ಟಿಸಿಕೊಂಡ ತಾಯಿ ಕುರಿಗಳು, ಅವುಗಳಷ್ಟೇ ಎತ್ತರಕ್ಕೆ ಬೆಳೆದ ಮರಿಗಳು. ಹಿಂದೆ ಎರಡು ನಾಯಿ, ಕೋಲು ಹಿಡಿದ ನಾಲ್ಕೈದು ಮಂದಿ. ರಸ್ತೆಯ ಪಕ್ಕದಲ್ಲೇ ಮರದ ಗಳಗಳ ದೊಡ್ಡಿ, ಅದರ ಆಚೆ ಕೊಟ್ಟಿಗೆ. ನಾನು ಬಾಗಿಲು ತೆರೆದು ಇಳಿದೆ. "ಅಮ್ಮಾ, ಚಳಿ, ಶಾಲು ಹೊದ್ದುಕೋ" ಎಂದು ಮಗಳು ಕೂಗಿದ್ದು ಕೇಳಿಸಿದರೂ ನಿಲ್ಲಲಿಲ್ಲ. ಒದ್ದೆ ಉಣ್ಣೆ, ಹಿಕ್ಕೆ, ಅಗಿದ ಹುಲ್ಲಿನ ಉಸಿರು, ಇವು ಮೂರೂ ಬೆರೆತ ವಾಸನೆ ಮುಖಕ್ಕೆ ಬಂದಿತು. ನಾನು ಹುಟ್ಟಿದ್ದು ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿಯಲ್ಲಿ. ನಮ್ಮಪ್ಪ ಕುರಿ ಸಾಕಿಯೇ ನನ್ನನ್ನು ಓದಿಸಿದವರು. ಮಳೆಯಲ್ಲಿ ನೆನೆದ ಅವರ ಕಂಬಳಿಯ ವಾಸನೆ ಇದೇ. ಅವರು ತೀರಿಕೊಂಡು ಇಪ್ಪತ್ತೆರಡು ವರ್ಷವಾದ ಮೇಲೆ ಇಷ್ಟು ದೂರದಲ್ಲಿ ಅದು ಸಿಕ್ಕಿತು.

ದೊಡ್ಡಿಯ ಬಾಗಿಲಲ್ಲಿ ನಿಂತು ಕುರಿ ಬೇರ್ಪಡಿಸುತ್ತಿದ್ದ ಹಿರಿಯರಿಗೆ ಎಪ್ಪತ್ತೈದರ ಮೇಲಾಗಿರಬೇಕು. ಮಗಳು ನೀರಿನ ಸಂಗತಿ ಹೇಳಿದಾಗ ಅವರು ಕೊಟ್ಟಿಗೆಯ ನಲ್ಲಿಗೆ ಪೈಪ್ ಸಿಕ್ಕಿಸಿ ನಮ್ಮ ಟ್ಯಾಂಕಿಗೆ ಬಿಟ್ಟರು. ಅದು ತುಂಬುವವರೆಗೆ ನಾನು ದೊಡ್ಡಿಯ ಗಳ ಹಿಡಿದು ನಿಂತಿದ್ದೆ. ಪ್ರತಿ ಕುರಿಯ ಕಿವಿಯಲ್ಲೂ ಪ್ಲಾಸ್ಟಿಕ್ ಓಲೆ, ಅದರ ಮೇಲೆ ಸಂಖ್ಯೆ. ನಮ್ಮ ಕಡೆ ಕಿವಿ ಸೀಳಿ ಗುರುತು ಮಾಡುತ್ತಿದ್ದರು ಎಂದೆ. ಅವರು ತಕ್ಷಣ ಕೆಲಸ ನಿಲ್ಲಿಸಿ ನನ್ನತ್ತ ತಿರುಗಿ, ತಮ್ಮ ಅಜ್ಜನ ಕಾಲದ ಗುರುತು ಬಲಗಿವಿಯ ತುದಿಯಲ್ಲಿ ಎರಡು ಕಚ್ಚು ಎಂದು ತಮ್ಮ ಕಿವಿಯನ್ನೇ ಬೆರಳಲ್ಲಿ ಹಿಡಿದು ತೋರಿಸಿದರು. ನಮ್ಮ ಮನೆಯದು ಎಡಗಿವಿಯಲ್ಲಿ ಒಂದೇ ಉದ್ದ ಸೀಳು ಎಂದು ನಾನೂ ತೋರಿಸಿದೆ.

"ನಿಮ್ಮ ಕುರಿಗಳು ಬೆಟ್ಟಕ್ಕೆ ಯಾವಾಗ ಹೋಗುತ್ತವೆ?" ಎಂದು ಕೇಳಿದರು. ನಮ್ಮಲ್ಲಿ ಏರಲು ಇಂಥ ಬೆಟ್ಟವಿಲ್ಲ, ಕುರಿಗಳು ಮಳೆಯ ಹಿಂದೆ ಹೋಗುತ್ತವೆ ಎಂದೆ. ಸುಗ್ಗಿ ಮುಗಿದ ಮೇಲೆ ಕೂಳೆ ಹೊಲಗಳತ್ತ ಹೋಗುವುದು, ಹಿಕ್ಕೆ ಗೊಬ್ಬರಕ್ಕಾಗಿ ರೈತರು ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡು ಕುರಿಗಾಹಿಗೆ ದವಸ ಕೊಡುವುದು, ಎಲ್ಲವನ್ನೂ ಹೇಳಿದೆ. ನನ್ನ ಇಂಗ್ಲಿಷ್ ಎಡವಿದಲ್ಲಿ ಮಗಳು ಕೈಹಿಡಿದಳು. ದವಸ ಕೊಡುವ ಮಾತು ಅವರಿಗೆ ಬಹಳ ಇಷ್ಟವಾಗಿ, ಪಕ್ಕದಲ್ಲಿದ್ದ ನೆರೆಮನೆಯವರಿಗೆ ತಮ್ಮ ಭಾಷೆಯಲ್ಲಿ ಅದನ್ನು ಮತ್ತೆ ಹೇಳಿದರು.

ಆಮೇಲೆ ನಾನು ಕೇಳಿದೆ: "ಆ ಮೇಲಿನ ಹುಲ್ಲು ಯಾರದು?"

ಅವರು ಬೆಟ್ಟದ ಕಡೆ ನೋಡಿದರು. "ಅಲ್ಲಿ ಮೇಯಿಸುವ ಹಕ್ಕು ನಮ್ಮ ಹೊಲಮನೆಗೆ ಸೇರಿದ್ದು. ಕಣಿವೆಯ ಬೇರೆ ಮನೆಗಳಿಗೂ ಇದೆ. ಹೊಲ ಯಾರಿಗೆ ಸೇರುತ್ತದೋ ಹಕ್ಕು ಅವರಿಗೆ. ನೀವೂ ಅಲ್ಲಿ ನಡೆಯಬಹುದು, ಹಣ್ಣು ಕೀಳಬಹುದು, ಯಾರೂ ಬೇಡವೆನ್ನುವುದಿಲ್ಲ."

ಅವರು ಹೇಳಿದ ಎರಡನೆಯ ಮಾತು 1957ರ ಕಾನೂನಿನಲ್ಲಿಯೇ ಇದೆಯೆಂದು ಮಗಳು ಆಮೇಲೆ ತಿಳಿಸಿದಳು. ಬೇಸಾಯ ಮಾಡದ ನೆಲದಲ್ಲಿ ಯಾರು ಬೇಕಾದರೂ ಓಡಾಡಬಹುದು, ಮನೆಗಳಿಂದ 150 ಮೀಟರ್ ದೂರದಲ್ಲಿ ಗುಡಾರ ಹಾಕಿ ಮಲಗಬಹುದು. ನನಗೆ ಆ ಕ್ಷಣ ನೆನಪಾದದ್ದು ನಮ್ಮ ಅಮೃತ ಮಹಲ್ ಕಾವಲು. ಅಪ್ಪ ಮತ್ತು ಅವರಪ್ಪ ಕುರಿ ಮೇಯಿಸಿದ ಆ ಹುಲ್ಲುಗಾವಲಿನ ಸಾವಿರಾರು ಎಕರೆ ಈಗ ಸಂಸ್ಥೆಗಳ ಪಾಲಾಗಿ, ಸುತ್ತ ಗೋಡೆ ಎದ್ದಿದೆ. "ನಾವು ಮೇಯಿಸುತ್ತಿದ್ದ ನೆಲಕ್ಕೆ ಗೋಡೆ ಕಟ್ಟಿದ್ದಾರೆ" ಎಂದಷ್ಟೇ ಹೇಳಿದೆ. ಅವರು ಎಷ್ಟು ಎತ್ತರದ ಗೋಡೆ ಎಂದು ಕೇಳಿದರು. ನಾನು ಕೈ ತಲೆಯ ಮೇಲಕ್ಕೆ ಎತ್ತಿ ತೋರಿಸಿದೆ. ಅವರು ತುಸು ಹೊತ್ತು ಏನೂ ಮಾತಾಡಲಿಲ್ಲ. "ಹಾಗಾದರೆ ಕುರಿಗಳಿಗೆ ದಾರಿ ಹೇಗೆ ಗೊತ್ತಾಗುತ್ತದೆ?" ಎಂದರು.

ಆ ಪ್ರಶ್ನೆ ನನಗೆ ಮೊದಲು ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ತಾಯಿ ಕುರಿ ತಾನು ಮರಿಯಾಗಿದ್ದಾಗ ಮೇದ ಜಾಗಕ್ಕೇ ಪ್ರತಿ ವರ್ಷ ಹೋಗುತ್ತದೆ, ತನ್ನ ಮರಿಗೂ ಅದನ್ನೇ ಕಲಿಸುತ್ತದೆ. ಯಾವ ಕುರಿ ಯಾವ ಇಳಿಜಾರಿನಲ್ಲಿ ಸಿಗುತ್ತದೆಂದು ಅದರ ಅಜ್ಜಿಯನ್ನು ಬಲ್ಲವರು ಹೇಳಬಲ್ಲರು. ಒಂದು ವರ್ಷ ಬೆಟ್ಟಕ್ಕೆ ಬಿಡದೆ ಇದ್ದರೆ ಆ ತಿಳಿವಳಿಕೆಯ ಎಳೆ ಹರಿದುಹೋಗುತ್ತದೆ, ಹೊಸ ಕುರಿ ತಂದು ಬಿಟ್ಟರೆ ಅವು ಎತ್ತೆತ್ತಲೋ ಚದುರುತ್ತವೆ. ಆ ವರ್ಷ ಅವರಿಗೆ ಇನ್ನೂ ಒಂಬತ್ತು ಕುರಿ ಸಿಕ್ಕಿರಲಿಲ್ಲ. ತೋಳ ಅಥವಾ ಲಿಂಕ್ಸ್ ಎಂಬ ದೊಡ್ಡ ಕಾಡುಬೆಕ್ಕಿನ ಬಾಯಿಗೆ ಬಿದ್ದವೋ, ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡವೋ ತಿಳಿಯದು. ಹಿಮ ನೆಲ ಮುಚ್ಚುವವರೆಗೂ ಶನಿವಾರ ಶನಿವಾರ ಹತ್ತಿ ಹುಡುಕುತ್ತೇವೆ ಎಂದರು.

ಹೊರಡುವಾಗ ನಮ್ಮಪ್ಪ ಕುರಿ ಕರೆಯುತ್ತಿದ್ದ ಕೂಗು ಹೇಗಿತ್ತೆಂದು ಕೇಳಿದರು. ನಲವತ್ತು ವರ್ಷದಿಂದ ಕೂಗಿರಲಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ "ಹ್ರ್ರ್ರಾ... ಬಾ, ಬಾ" ಎಂದೆ. ಕುರಿಗಳು ಮೇಯುತ್ತಲೇ ಇದ್ದವು. ಹಿರಿಯರು ಮಾತ್ರ ತುಟಿ ಅಲುಗಿಸಿ ಅದನ್ನು ಮೆಲ್ಲನೆ ಎರಡು ಸಲ ಹೇಳಿಕೊಂಡರು. ದೊಡ್ಡಿಯ ಗಳಕ್ಕೆ ಸಿಕ್ಕಿಕೊಂಡಿದ್ದ ಉಣ್ಣೆಯನ್ನು ಬಿಡಿಸಿ ನನ್ನ ಅಂಗೈಯಲ್ಲಿಟ್ಟರು. ಬೆಲ್ಲದ ಅಚ್ಚೊಂದನ್ನು ನಾನು ಕೊಟ್ಟೆ.

ಅಲ್ಲಿಂದ ಸ್ಕ್ಯೋಲ್ಡನ್. ತೆರೆದ ಕಡಲಿನಿಂದ 200 ಕಿಲೋಮೀಟರಿಗೂ ಹೆಚ್ಚು ಒಳಗೆ ಬಂದು ಸೋಗ್ನೆಫ್ಯೋರ್ಡ್, ಅಂದರೆ ಬೆಟ್ಟಗಳ ನಡುವೆ ಚಾಚಿದ ಕಡಲಿನ ಕಿರಿದಾದ ಕವಲು, ಕೊನೆಗೊಳ್ಳುವುದು ಆ ಊರಿನಲ್ಲಿ. ಅದರ ದಂಡೆಯ ಪೊದೆಗಳಲ್ಲಿ ಮಗಳು ಕಿತ್ತು ತಂದ ಕೆಂಪು ಲಿಂಗೊನ್ ಹಣ್ಣಿಗೆ ಬೆಲ್ಲ, ಮೆಣಸಿನಪುಡಿ ಹಾಕಿ ಗೊಜ್ಜು ಮಾಡಿದೆ. ಕವಳೆಕಾಯಿಯ ಹುಳಿಗೂ ಅದರ ಹುಳಿಗೂ ಬಹಳ ಅಂತರವಿಲ್ಲ. ಮುಂದೆ ಲೇರ್ದಾಲ್‌ನಿಂದ 24.5 ಕಿಲೋಮೀಟರ್ ಉದ್ದದ ಸುರಂಗ. ರಸ್ತೆ ಸುರಂಗಗಳಲ್ಲಿ ಜಗತ್ತಿಗೇ ಉದ್ದವಾದ ಅದರೊಳಗೆ, ಚಾಲಕರಿಗೆ ಮಂಪರು ಹತ್ತದಿರಲೆಂದು ಮೂರು ಕಡೆ ಗುಹೆಯಂತೆ ಅಗಲಿಸಿ ನೀಲಿ ಬೆಳಕು ಹಾಕಿದ್ದಾರೆ. ಬರ್ಗೆನ್‌ನಲ್ಲಿ ಎರಡು ದಿನವೂ ಮಳೆ. ಹಳೆಯ ಬಂದರಿನ ಮರದ ಮನೆಗಳ ಸಾಲು ಚೆಂದವಿತ್ತು, ಆದರೆ ನನ್ನ ಮನಸ್ಸು ಬೆಟ್ಟದಲ್ಲೇ ಉಳಿದಿತ್ತು. ಬರುವಾಗ ಸುರಂಗ ಬೇಡ, ಔರ್‌ಲ್ಯಾಂಡಿನಿಂದ ಬೆಟ್ಟದ ಮೇಲಿನ ಹಳೆಯ ರಸ್ತೆಯಲ್ಲೇ ಹೋಗೋಣ ಎಂದು ಅಳಿಯನಿಗೆ ಹೇಳಿದೆ.

ಫ್ಯೋರ್ಡಿನ ಮೇಲೆ 650 ಮೀಟರ್ ಎತ್ತರದಲ್ಲಿ ಚಾಚಿಕೊಂಡಿರುವ ಸ್ಟೇಗಸ್ಟೈನ್ ವೀಕ್ಷಣಾ ಕಟ್ಟೆಯಲ್ಲಿ ಎಲ್ಲರಂತೆ ನಾವೂ ನಿಂತೆವು. ಅದನ್ನು ದಾಟಿ 1,306 ಮೀಟರಿನ ನೆತ್ತಿಗೆ ಬಂದಾಗ ಹೊಸ ಹಿಮ ಉದುರತೊಡಗಿತ್ತು. ದೂರದ ಇಳಿಜಾರಿನಲ್ಲಿ ಮೂರು ಬಿಳಿ ಚುಕ್ಕೆಗಳು. "ಕಲ್ಲು ಅಮ್ಮಾ" ಎಂದಳು ಮಗಳು. ಅಳಿಯ ಏನೂ ಹೇಳದೆ ವ್ಯಾನನ್ನು ಬದಿಗೆ ತಂದು ಎಂಜಿನ್ ಆರಿಸಿದರು. ಗಾಜು ಇಳಿಸಿ ಸುಮಾರು ಹತ್ತು ನಿಮಿಷ ನೋಡುತ್ತ ಕುಳಿತೆವು. ಆಮೇಲೆ ಮೂರರಲ್ಲಿ ಒಂದು, ಎಡಗಡೆಯದು, ಮೆಲ್ಲನೆ ಇಳಿಜಾರಿನಲ್ಲಿ ಸರಿಯಿತು.