ಹಳೆಯ ಜಿಪ್ಸಿಗೆ ಎತ್ತರದ ಲೀಫ್ ಸ್ಪ್ರಿಂಗ್: ಇಂಚಿಗಿಂತ ಮೊದಲು ತೂಕ

ಮಾರುತಿ ಜಿಪ್ಸಿ 1985ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಮುಂದಿನ ಮತ್ತು ಹಿಂದಿನ ಗಟ್ಟಿ ಆಕ್ಸಲ್‌ಗಳೆರಡೂ ಲೀಫ್ ಸ್ಪ್ರಿಂಗುಗಳಿಗೆ, ಅಂದರೆ ಒಂದರ ಮೇಲೊಂದು ಜೋಡಿಸಿದ ಕಮಾನಿನಂಥ ಉಕ್ಕಿನ ಪ್ಲೇಟುಗಳಿಗೆ, ಕಟ್ಟಿಕೊಂಡಿದ್ದವು. 1300 ಸಿಸಿ ಎಂಜಿನ್ನಿನ ಜಿಪ್ಸಿ ಕಿಂಗ್ ಬಂದ ಮೇಲೂ ಆ ವ್ಯವಸ್ಥೆ ಬದಲಾಗದೆ, ತಯಾರಿಕೆ ನಿಲ್ಲುವವರೆಗೂ ಹಾಗೆಯೇ ಉಳಿಯಿತು. ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಕಡೆಯ ತೋಟಗಳಲ್ಲಿ ಈ ಗಾಡಿಗಳು ಇಂದಿಗೂ ಗೊಬ್ಬರವನ್ನೂ ಅಡಿಕೆಯನ್ನೂ ಹೊತ್ತು ಓಡಾಡುತ್ತಿವೆ. ನನ್ನದೂ ಅಂಥದೇ ಒಂದು ಹಳೆಯ ಕಿಂಗ್. ವಾರದ ದಿನಗಳಲ್ಲಿ ಉಡುಪಿ, ಮಣಿಪಾಲದ ಡಾಂಬರು ರಸ್ತೆ, ರಜೆಯಲ್ಲಿ ಸೋಮೇಶ್ವರದ ಕಡೆಯ ತೋಟದ ದಾರಿ ಅದರ ಪಾಲಿಗೆ. ಅದರ ಸ್ಪ್ರಿಂಗುಗಳನ್ನು ಬದಲಾಯಿಸಿ ಸ್ವಲ್ಪ ಎತ್ತರಿಸಬೇಕೆಂದು ಹೊರಟಾಗ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಇಂಚು? ಗಾಡಿಯ ಮೇಲೆ ನಿಜವಾಗಿ ಎಷ್ಟು ಭಾರ ಬೀಳುತ್ತದೆ ಎಂಬುದು ತಿಳಿಯುವವರೆಗೆ ಆ ಪ್ರಶ್ನೆಗೆ ಉತ್ತರವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಸ್ಪ್ರಿಂಗ್ ಎತ್ತರಿಸುವುದರಿಂದ ಆಗುವುದೇನು, ಆಗದಿರುವುದೇನು ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಜಿಪ್ಸಿಯ ನೆಲದಂತರ (ಗ್ರೌಂಡ್ ಕ್ಲಿಯರೆನ್ಸ್) 210 ಮಿಲಿಮೀಟರ್ ಎಂದು ಕಂಪೆನಿ ಹೇಳುತ್ತಿತ್ತು. ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರ ಇರುವುದು ಆಕ್ಸಲಿನ ನಡುವೆ ಗೇರುಗಳಿರುವ ಡಿಫರೆನ್ಷಿಯಲ್ಲಿನ ಉಂಡೆ, ಮತ್ತು ಅದು ಸ್ಪ್ರಿಂಗು ಹೊರುವ ಭಾಗವಲ್ಲ, ಚಕ್ರಗಳ ಜೊತೆಗೇ ಇರುತ್ತದೆ. ನೀವು ಎಷ್ಟೇ ಎತ್ತರದ ಸ್ಪ್ರಿಂಗ್ ಹಾಕಿದರೂ ಡಿಫರೆನ್ಷಿಯಲ್ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟಯರ್ ಮಾತ್ರ. ಸ್ಪ್ರಿಂಗಿನಿಂದ ಮೇಲೇಳುವುದು ಚಾಸಿ, ಗೇರ್‌ಬಾಕ್ಸು, ಪೆಟ್ರೋಲ್ ಟ್ಯಾಂಕು ಮತ್ತು ಬಂಪರುಗಳು. ಮುರಕಲ್ಲಿನ ದಿಬ್ಬ ದಾಟುವಾಗ ಹೊಟ್ಟೆ ತಾಗದಿರುವುದಕ್ಕೂ, ಹಳ್ಳಕ್ಕೆ ಇಳಿಯುವಾಗ ಮೂತಿ ಕುಟ್ಟದಿರುವುದಕ್ಕೂ, ದೊಡ್ಡ ಟಯರಿಗೆ ಮಡ್‌ಗಾರ್ಡಿನೊಳಗೆ ಜಾಗ ಸಿಗುವುದಕ್ಕೂ ಅದು ಸಹಾಯಕ. ತೋಟದ ದಾರಿಯಲ್ಲಿ ಲಾರಿಯ ಚಕ್ರಗಳು ಕೊರೆದ ಎರಡು ಕಾಲುವೆಗಳ ನಡುವಿನ ಏರು ಡಿಫರೆನ್ಷಿಯಲ್ಲಿಗೆ ತಾಗುತ್ತಿದ್ದರೆ ಸ್ಪ್ರಿಂಗಿಗೆ ಖರ್ಚು ಮಾಡಿ ಪ್ರಯೋಜನವಿಲ್ಲ.

ಎರಡನೆಯದು, ಇಪ್ಪತ್ತು ವರ್ಷ ದುಡಿದ ಸ್ಪ್ರಿಂಗು ಈಗ ಯಾವ ಎತ್ತರದಲ್ಲಿದೆ ಎಂಬುದು. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಪ್ರತಿ ಚಕ್ರದ ಹಬ್ಬಿನ ನಡುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳತೆ ತೆಗೆದು ಬರೆದಿಡಬೇಕು. ಟಯರಿನ ಗಾಳಿ, ಟಯರಿನ ಸವೆತ ಯಾವುದೂ ಈ ಅಳತೆಯನ್ನು ಕೆಡಿಸುವುದಿಲ್ಲ. ಹಳೆಯ ಗಾಡಿಗಳಲ್ಲಿ ಚಾಲಕನ ಬದಿ ಇನ್ನೊಂದು ಬದಿಗಿಂತ ತಗ್ಗಿರುವುದು ಸಾಮಾನ್ಯ. ಎಷ್ಟೋ ಗಾಡಿಗಳಿಗೆ ಕಂಪೆನಿಯ ಎತ್ತರದ್ದೇ ಹೊಸ ಸ್ಪ್ರಿಂಗ್ ಹಾಕಿದರೆ, ಕಳೆದುಹೋದ ಇಂಚು ಮರಳಿ ಬರುತ್ತದೆ ಮತ್ತು ಮಾಲೀಕನಿಗೆ ಬೇಕಾಗಿದ್ದುದೂ ಅಷ್ಟೇ ಆಗಿರುತ್ತದೆ.

ಇನ್ನು ತೂಕದ ವಿಚಾರ. ಬೈಕಂಪಾಡಿಯ ಕಡೆ ಲಾರಿ ತೂಗುವ ವೇ ಬ್ರಿಜ್‌ಗಳಿವೆ. ಅಲ್ಲಿ ಮೊದಲು ಮುಂದಿನ ಚಕ್ರಗಳನ್ನಷ್ಟೇ, ಆಮೇಲೆ ಇಡೀ ಗಾಡಿಯನ್ನು ನಿಲ್ಲಿಸಿ ತೂಕ ತೆಗೆದರೆ ಎರಡು ಆಕ್ಸಲ್‌ಗಳ ಪಾಲು ಬೇರೆ ಬೇರೆಯಾಗಿ ಸಿಗುತ್ತದೆ. ಮೆತ್ತನೆಯ ಚಾವಣಿಯ ಜಿಪ್ಸಿಯ ಖಾಲಿ ತೂಕ ಒಂದು ಟನ್ನಿನ ಆಸುಪಾಸು. ಹಿಂದಿನ ಆಕ್ಸಲ್ ಮೇಲೆ 450 ಕಿಲೋ ಬಿತ್ತೆಂದು ಇಟ್ಟುಕೊಳ್ಳೋಣ. ಅದರಲ್ಲಿ ಆಕ್ಸಲ್, ಚಕ್ರ, ಬ್ರೇಕ್ ಡ್ರಮ್‌ಗಳ ತೂಕ ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲ; ಅದಕ್ಕೆ ಸುಮಾರು 100 ಕಿಲೋ ಕಳೆದರೆ ಉಳಿದ 350ರಲ್ಲಿ ಒಂದೊಂದು ಸ್ಪ್ರಿಂಗಿನ ಪಾಲಿಗೆ 175 ಕಿಲೋ.

ಈಗಿರುವ ಸ್ಪ್ರಿಂಗ್ ಎಷ್ಟು ಗಟ್ಟಿ ಎಂಬುದನ್ನು ಅಂಗಳದಲ್ಲಿಯೇ ಕಂಡುಕೊಳ್ಳಬಹುದು. ಐವತ್ತು ಕಿಲೋದ ನಾಲ್ಕು ಸಿಮೆಂಟ್ ಚೀಲಗಳನ್ನು ಹಿಂದಿನ ಆಕ್ಸಲಿನ ನೇರ ಮೇಲೆ ಇಟ್ಟು, ಗಾಡಿಯನ್ನು ಒಮ್ಮೆ ಕುಲುಕಿಸಿ, ಹಬ್ಬಿನಿಂದ ಅಂಚಿನವರೆಗಿನ ಅಳತೆಯನ್ನು ಮತ್ತೆ ತೆಗೆಯಬೇಕು. ಗಾಡಿ 40 ಮಿಲಿಮೀಟರ್ ಇಳಿದಿದ್ದರೆ ಎರಡೂ ಸ್ಪ್ರಿಂಗುಗಳು ಸೇರಿ ಮಿಲಿಮೀಟರಿಗೆ 5 ಕಿಲೋ, ಅಂದರೆ ಒಂದಕ್ಕೆ ಎರಡೂವರೆ ಕಿಲೋ. ಖಾಲಿ ಗಾಡಿಯಲ್ಲಿ ಆ ಸ್ಪ್ರಿಂಗು 70 ಮಿಲಿಮೀಟರ್ ಬಾಗಿ ನಿಂತಿರುತ್ತದೆ. ಬಾಗಿದ ಮಿಲಿಮೀಟರಿನ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಗಾಡಿ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂಬುದು ಸಿಗುತ್ತದೆ: ಇಲ್ಲಿ ಸುಮಾರು 1.9. ಸಾಮಾನ್ಯ ಕಾರುಗಳು ಒಂದರಿಂದ ಒಂದೂವರೆಯ ನಡುವೆ ಇರುತ್ತವೆ. ಎರಡನ್ನು ದಾಟಿದರೆ ಸೊಂಟಕ್ಕೆ ಗೊತ್ತಾಗುತ್ತದೆ. ಇದೇ ಗಾಡಿಗೆ ಮಿಲಿಮೀಟರಿಗೆ 4 ಕಿಲೋದ ‘ಹೆವಿ ಡ್ಯೂಟಿ’ ಸ್ಪ್ರಿಂಗ್ ಹಾಕಿದರೆ ಬಾಗುವುದು 44 ಮಿಲಿಮೀಟರ್ ಮಾತ್ರ, ಆಟ 2.4ಕ್ಕೆ ಏರುತ್ತದೆ. ಖಾಲಿ ಗಾಡಿ ಹಂಪಿನ ಮೇಲೆ ನೆಗೆಯುವುದು, ಗುಂಡಿಯಲ್ಲಿ ಒಂದು ಚಕ್ರ ಗಾಳಿಯಲ್ಲಿ ನೇತಾಡಿ ಇನ್ನೊಂದು ಕೆಸರಿನಲ್ಲಿ ಸುತ್ತುವುದು ಎಲ್ಲಾ ಆಗ ಶುರುವಾಗುತ್ತದೆ.

ಆ 70ಕ್ಕೂ 44ಕ್ಕೂ ಇರುವ 26 ಮಿಲಿಮೀಟರ್ ವ್ಯತ್ಯಾಸವನ್ನು ಗಮನಿಸಬೇಕು, ಏಕೆಂದರೆ ಅದು ಒಂದು ಇಂಚಿನಷ್ಟಾಯಿತು. ಸ್ಪ್ರಿಂಗಿನ ಕಮಾನನ್ನು ಬದಲಾಯಿಸದೆ, ಗಟ್ಟಿತನವನ್ನು ಮಾತ್ರ ಹೆಚ್ಚಿಸಿದರೂ ಖಾಲಿ ಗಾಡಿ ಒಂದು ಇಂಚು ಎತ್ತರ ನಿಲ್ಲುತ್ತದೆ. ಹೆಚ್ಚುವರಿ ಒಂದು ಪ್ಲೇಟ್ ಸೇರಿಸಿ ‘ಎರಡು ಇಂಚು ಲಿಫ್ಟ್’ ಎಂದು ಮಾರುವ ಸೆಟ್ಟುಗಳಲ್ಲಿ ಹಲವು ಕೊಡುವುದು ಈ ಬಗೆಯ ಎತ್ತರವನ್ನೇ. ನಿಜವಾದ ಲಿಫ್ಟ್ ಸ್ಪ್ರಿಂಗಿನಲ್ಲಿ ಗಟ್ಟಿತನ ಮೊದಲಿನಷ್ಟೇ ಇದ್ದು ಕಮಾನು ಹೆಚ್ಚಿರುತ್ತದೆ. ಅಂಗಡಿಯಲ್ಲಿ ಕೇಳಬೇಕಾದದ್ದು ಇಂಚಿನ ಲೆಕ್ಕವನ್ನಲ್ಲ, ಆ ಇಂಚು ಎಷ್ಟು ಭಾರದಲ್ಲಿ ಅಳೆದದ್ದು ಎಂಬುದನ್ನು. ಅದಕ್ಕೆ ಉತ್ತರ ಕೊಡಲಾಗದ ಮಾರಾಟಗಾರನಿಂದ ನಾನಂತೂ ಸ್ಪ್ರಿಂಗ್ ಕೊಳ್ಳುವುದಿಲ್ಲ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಎಮುವಿನಂಥ ತಯಾರಕರು ಒಂದೇ ಗಾಡಿಗೆ ಬೇರೆ ಬೇರೆ ಭಾರಕ್ಕೆ ತಕ್ಕಂತೆ ಬೇರೆ ಬೇರೆ ಸ್ಪ್ರಿಂಗುಗಳನ್ನು ಪಟ್ಟಿ ಮಾಡುವುದು ಈ ಕಾರಣಕ್ಕೇ.

ಗಟ್ಟಿತನ ಬರುವುದು ಎಲ್ಲಿಂದ ಎಂಬುದೂ ತಿಳಿದಿದ್ದರೆ ಒಳ್ಳೆಯದು. ಪ್ಲೇಟುಗಳ ಸಂಖ್ಯೆ ಮತ್ತು ಅಗಲ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಗಟ್ಟಿತನ ಹೆಚ್ಚುತ್ತದೆ. ಆದರೆ ದಪ್ಪದ ಪರಿಣಾಮ ಘನದ ಲೆಕ್ಕದಲ್ಲಿ. ದಪ್ಪವನ್ನು ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿದರೆ ಗಟ್ಟಿತನ ಮೂರನೆಯ ಒಂದು ಪಾಲು ಏರುತ್ತದೆ. ಉದ್ದದ ಪರಿಣಾಮವೂ ಘನದಲ್ಲಿಯೇ, ಆದರೆ ತಿರುಗುಮುರುಗಾಗಿ: ಸ್ಪ್ರಿಂಗ್ ಹತ್ತರಲ್ಲಿ ಒಂದು ಪಾಲು ಉದ್ದವಾದರೆ ಕಾಲು ಭಾಗದಷ್ಟು ಮೆತ್ತಗಾಗುತ್ತದೆ. ಆದ್ದರಿಂದಲೇ ದಪ್ಪನೆಯ ಮೂರು ಪ್ಲೇಟಿಗಿಂತ ತೆಳುವಾದ ಐದಾರು ಪ್ಲೇಟಿನ ಸೆಟ್ಟು ಹೆಚ್ಚು ಬಾಗಬಲ್ಲದು. ಜಿಪ್ಸಿಯ ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಗಿಡ್ಡವಾಗಿರುವುದರಿಂದ, ಎಷ್ಟೇ ಖರ್ಚು ಮಾಡಿದರೂ ಮುಂಭಾಗ ಹಿಂಭಾಗದಷ್ಟು ಮೆತ್ತಗಾಗುವುದು ಕಷ್ಟ. ವಿಂಚ್, ಕಬ್ಬಿಣದ ದೊಡ್ಡ ಬಂಪರ್ ಹೊತ್ತವರು ಮಾತ್ರ ಮುಂದೆ ಗಟ್ಟಿ ಸ್ಪ್ರಿಂಗ್ ಕೇಳಬೇಕು.

ನಮ್ಮ ಕರಾವಳಿಗೆ ಇನ್ನೊಂದು ಲೆಕ್ಕ ಸೇರಿಸಬೇಕು, ಅದು ತುಕ್ಕು. ಪ್ಲೇಟುಗಳು ಬಾಗುವಾಗ ಒಂದರ ಮೇಲೊಂದು ಜಾರಬೇಕು. ಮಲ್ಪೆ, ಪಣಂಬೂರಿನ ಉಪ್ಪುಗಾಳಿಗೂ ನಾಲ್ಕು ತಿಂಗಳ ಮಳೆಗೂ ಸಿಕ್ಕಿದ ಪ್ಲೇಟುಗಳ ನಡುವೆ ತುಕ್ಕು ಕಟ್ಟಿಕೊಂಡರೆ ಅವು ಒಂದೇ ಗಟ್ಟಿ ಕಬ್ಬಿಣದ ತುಂಡಿನಂತೆ ವರ್ತಿಸುತ್ತವೆ; ಸಣ್ಣ ಏರುತಗ್ಗುಗಳಿಗೆ ಸ್ಪ್ರಿಂಗು ಅಲುಗುವುದೇ ಇಲ್ಲ, ಪೆಟ್ಟು ನೇರ ಚಾಸಿಗೆ ಹೋಗುತ್ತದೆ. ಜಿಪ್ಸಿ ಒರಟು ಎಂದು ದೂರುವವರಲ್ಲಿ ಅರ್ಧ ಜನ ದೂರಬೇಕಾದದ್ದು ಈ ತುಕ್ಕನ್ನು. ಹಾಗಾಗಿ ಪ್ಲೇಟಿನ ತುದಿಗಳಲ್ಲಿ ನೈಲಾನ್ ಪ್ಯಾಡ್ ಇರುವ, ತುದಿಯನ್ನು ಚೌಕವಾಗಿ ಕತ್ತರಿಸದೆ ತೆಳ್ಳಗೆ ಇಳಿಸಿದ ಸೆಟ್ಟುಗಳನ್ನು ಆರಿಸುವುದು ಲೇಸು. ನಡುವೆ ದಪ್ಪಗಿದ್ದು ತುದಿಯ ಕಡೆಗೆ ತೆಳುವಾಗುವ ಪ್ಯಾರಾಬೋಲಿಕ್ ಸ್ಪ್ರಿಂಗುಗಳಲ್ಲಿ ಪ್ಲೇಟುಗಳು ನಡುವಿನಲ್ಲಿ ಮತ್ತು ತುದಿಯಲ್ಲಿ ಮಾತ್ರ ತಾಗುವುದರಿಂದ ಘರ್ಷಣೆ ಇನ್ನೂ ಕಡಿಮೆ. ಆದರೆ ಆ ಘರ್ಷಣೆಯೇ ಹಳೆಯ ಸೆಟ್ಟಿನಲ್ಲಿ ಅರ್ಧ ಶಾಕ್ ಅಬ್ಸಾರ್ಬರಿನ ಕೆಲಸ ಮಾಡುತ್ತಿತ್ತು ಎಂಬುದನ್ನು ಮರೆಯಬಾರದು. ಪ್ಯಾರಾಬೋಲಿಕ್ ಹಾಕುವವರು ಒಳ್ಳೆಯ ಶಾಕ್‌ಗಳಿಗೂ ಹಣ ತೆಗೆದಿಡಬೇಕು.

ಹಳೆಯ ಪ್ಲೇಟುಗಳನ್ನೇ ಬಡಿದು ಕಮಾನು ಹೆಚ್ಚಿಸಿಕೊಡುವ ಅಂಗಡಿಗಳು ಮಂಗಳೂರಿನಲ್ಲೂ ಇವೆ, ಖರ್ಚೂ ಕಡಿಮೆ. ಅಂಥ ಕೆಲಸದಲ್ಲಿ ಕೂದಲು ನರೆತ ಒಬ್ಬರನ್ನು ಇದು ಎಷ್ಟು ದಿನ ನಿಂತೀತೆಂದು ಕೇಳಿದೆ. “ಬಡಿದದ್ದು ನಿಲ್ಲುದಿಲ್ಲ ಮಾರಾಯ್ರೆ, ಕಾಯಿಸಿ ಎಣ್ಣೆಗೆ ಹಾಕಿ ಪುನಃ ಹದ ಮಾಡಿದ್ರೆ ಮಾತ್ರ ನಿಲ್ಲುದು” ಎಂದು ಅವರು ನೇರವಾಗಿ ಹೇಳಿದರು. ಅವರ ಮಾತು ಲೋಹಶಾಸ್ತ್ರಕ್ಕೆ ಸರಿಯಾಗಿಯೇ ಇದೆ. 65ಎಸ್‌ಐ7, ಎಸ್‌ಯುಪಿ9, 50ಸಿಆರ್‌ವಿ4 ಮುಂತಾದ ಸ್ಪ್ರಿಂಗ್ ಉಕ್ಕುಗಳಿಗೆ ಶಕ್ತಿ ಬರುವುದು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ತಟ್ಟನೆ ತಣಿಸಿ, ಮತ್ತೆ ಹದವಾದ ಶಾಖ ಕೊಡುವುದರಿಂದ. ತಣ್ಣಗಿರುವಾಗ ಬಡಿದು ಬಗ್ಗಿಸಿದ ಪ್ಲೇಟು ಭಾರ ಬಿದ್ದಂತೆ ಹಿಂದಿನ ಆಕಾರಕ್ಕೆ ಜಗ್ಗುತ್ತದೆ. ಗ್ಯಾಸ್ ಟಾರ್ಚಿನಿಂದ ಅಲ್ಲಲ್ಲಿ ಕಾಯಿಸಿದ್ದಾದರೆ ಆ ಜಾಗದಲ್ಲೇ ಒಂದು ದಿನ ಮುರಿಯಬಹುದು.

ಉದ್ದದ ಶ್ಯಾಕಲ್ (ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿ ಎತ್ತರಿಸುವುದು ಅಗ್ಗದ ದಾರಿ. ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಒಂದು ಇಂಚು ಏಳುತ್ತದೆ. ಜಿಪ್ಸಿಯ ಮುಂದಿನ ಶ್ಯಾಕಲ್ ಸ್ಪ್ರಿಂಗಿನ ಮುಂತುದಿಯಲ್ಲಿರುವುದರಿಂದ ಅದನ್ನು ಉದ್ದ ಮಾಡಿದರೆ ಆಕ್ಸಲ್ ಮುಂದಕ್ಕೆ ವಾಲಿ ಕ್ಯಾಸ್ಟರ್ ಕೋನ (ಮುಂದಿನ ಚಕ್ರ ತಿರುಗುವ ಅಕ್ಷದ ಹಿಂದಕ್ಕಿರುವ ವಾಲು) ಕಡಿಮೆಯಾಗುತ್ತದೆ, ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕುಂದುತ್ತದೆ. ಹೆದ್ದಾರಿಯಲ್ಲಿ ಬಸ್ಸು ಪಕ್ಕದಲ್ಲಿ ಹಾದುಹೋಗುವಾಗ ಗಾಡಿ ಅತ್ತಿತ್ತ ಓಲಾಡುವುದು ಯಾರಿಗೆ ಬೇಕು? ಸ್ಪ್ರಿಂಗನ್ನು ಆಕ್ಸಲಿನ ಕೆಳಗಿನಿಂದ ಮೇಲಕ್ಕೆ ವರ್ಗಾಯಿಸುವ ವಿಧಾನದಲ್ಲಿ ಐದು ಇಂಚಿನಷ್ಟು ಎತ್ತರ ಸಿಗುತ್ತದೆ, ಜೊತೆಗೆ ಸ್ಟಿಯರಿಂಗ್, ಬ್ರೇಕ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ಹೊಸದಾಗಿ ಜೋಡಿಸುವ ಕೆಲಸವೂ ಬರುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಹತ್ತಿ ಇಳಿಯುವ, ಕಿರಿದಾದ ಮೈಯ ಗಾಡಿಗೆ ಅದು ತಕ್ಕುದಲ್ಲ.

ಸೆಟ್ಟು ತರಿಸುವ ಮೊದಲು ಅಳೆಯಬೇಕಾದವು: ಸ್ಪ್ರಿಂಗಿನ ಒಂದು ಕಣ್ಣಿನಿಂದ (ತುದಿಯಲ್ಲಿ ಬೋಲ್ಟ್ ಹಾಕುವ ಸುರುಳಿ) ಇನ್ನೊಂದು ಕಣ್ಣಿಗೆ ಇರುವ ದೂರ, ಪ್ಲೇಟಿನ ಅಗಲ, ಸೆಂಟರ್ ಬೋಲ್ಟ್ ಎರಡು ಕಣ್ಣುಗಳಿಂದ ಎಷ್ಟೆಷ್ಟು ದೂರದಲ್ಲಿದೆ ಎಂಬುದು, ಕಣ್ಣಿನೊಳಗಿನ ರಬ್ಬರ್ ಬುಷ್ಷಿನ ಅಳತೆ. ಹೊರದೇಶದ ಸಮುರಾಯ್, ಸಿಯೆರಾ ಗಾಡಿಗಳು ಜಿಪ್ಸಿಯ ಬಂಧುಗಳಾದರೂ ನಮ್ಮದರ ವೀಲ್‌ಬೇಸ್ 2375 ಮಿಲಿಮೀಟರ್, ಉದ್ದದ ಮಾದರಿ. ಹೆಸರು ನೋಡಿ ತರಿಸಿಕೊಳ್ಳುವುದಕ್ಕಿಂತ ಟೇಪು ಹಿಡಿದು ನೋಡುವುದು ಕ್ಷೇಮ. ಎರಡನೆಯ ಪ್ಲೇಟು ಮುಖ್ಯ ಪ್ಲೇಟಿನ ಕಣ್ಣನ್ನು ಸುತ್ತಿಕೊಂಡಿರುವ ಸೆಟ್ಟು ಸಿಕ್ಕರೆ ಅದನ್ನೇ ಆರಿಸಬೇಕು, ಏಕೆಂದರೆ ಕಾಡಿನ ದಾರಿಯಲ್ಲಿ ಮುಖ್ಯ ಪ್ಲೇಟು ಮುರಿದರೂ ಆಕ್ಸಲ್ ಜಾಗ ಬಿಟ್ಟು ಹೋಗುವುದಿಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ ಎಂದು ಸೇರಿತು. ಹದಿನೈದು ವರ್ಷ ದಾಟಿದ ಗಾಡಿ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಲೇಬೇಕಾಗುವುದರಿಂದ, ಹಣ ಕೊಡುವ ಮೊದಲೇ ಅಲ್ಲಿಯೂ ವಿಮಾ ಕಂಪೆನಿಯಲ್ಲಿಯೂ ವಿಚಾರಿಸುವುದು ಒಳ್ಳೆಯದು. ಎತ್ತರವನ್ನು ಮಿತಿಯಲ್ಲಿಡಲು ಇದೂ ಒಂದು ಕಾರಣ.

ಇಷ್ಟೆಲ್ಲ ಲೆಕ್ಕ ಹಾಕಿ ನಾನು ಆರಿಸಿದ್ದು ತಗ್ಗಿದ ಸ್ಪ್ರಿಂಗಿಗಿಂತ ಒಂದೂವರೆ ಇಂಚು ಎತ್ತರ ನಿಲ್ಲುವ, ಇಬ್ಬರು ಜನ ಮತ್ತು ನಾಲ್ಕೈದು ಚೀಲ ಗೊಬ್ಬರದ ಭಾರಕ್ಕೆ ಹೊಂದುವ, ಪ್ಯಾಡ್ ಇರುವ ತೆಳು ಪ್ಲೇಟಿನ ಸೆಟ್ಟನ್ನು. ಅಷ್ಟು ಎತ್ತರಕ್ಕೆ ಬ್ರೇಕ್ ಹೋಸ್ ಎಳೆಯದಿರುವುದನ್ನೂ, ಚಕ್ರ ಪೂರ್ತಿ ಕೆಳಗಿಳಿದಾಗ ಶಾಕ್ ಅಬ್ಸಾರ್ಬರೇ ಸ್ಪ್ರಿಂಗನ್ನು ಹಿಡಿದು ನಿಲ್ಲಿಸದಿರುವುದನ್ನೂ ಗಾಡಿಯನ್ನು ಜಾಕಿನ ಮೇಲಿಟ್ಟು ಪರೀಕ್ಷಿಸಬೇಕು. ಜೋಡಿಸುವಾಗ ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟುಗಳು ಹೊಸವೇ ಇರಬೇಕು; ಒಮ್ಮೆ ಬಿಗಿದು ಹಿಗ್ಗಿದವು ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಗಾಡಿ ಜಾಕಿನ ಮೇಲಿರುವಾಗ ಪೂರ್ತಿ ಬಿಗಿಯಬಾರದು, ಚಕ್ರ ನೆಲಕ್ಕೆ ಬಂದು ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. 300ರಿಂದ 500 ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ, ಹಬ್ಬಿನಿಂದ ಅಂಚಿನವರೆಗಿನ ಅಳತೆಯನ್ನು ಪುನಃ ಬರೆದಿಡಬೇಕು, ಏಕೆಂದರೆ ಹೊಸ ಸ್ಪ್ರಿಂಗು ಆರಂಭದಲ್ಲಿ ಸ್ವಲ್ಪ ಕೂರುತ್ತದೆ. ಅದು ಕುಳಿತ ಮೇಲೆ ಹೆಡ್‌ಲೈಟಿನ ದಿಕ್ಕನ್ನೂ ತಗ್ಗಿಸಿ ಸರಿಪಡಿಸಿಕೊಳ್ಳಬೇಕು. ಮೂತಿ ಎದ್ದ ಗಾಡಿಯ ಬೆಳಕು ಘಾಟಿಯಲ್ಲಿ ಎದುರು ಬರುವವನ ಕಣ್ಣಿಗೇ ಹೊಡೆಯುತ್ತದೆ.