ತಾಯಿ ಕಾರ್ಡ್ ಹೇಳದ ರಕ್ತದ ಲೆಕ್ಕ

ತಾಯಿ ಕಾರ್ಡ್‌ನಲ್ಲಿ ‘ಹಿಮೋಗ್ಲೋಬಿನ್ 8.2’ ಎಂದು ಬರೆದಿದ್ದರೆ ಅರ್ಧ ಮಾತು ಮುಗಿದಿದೆ, ಅಷ್ಟೆ. ರಕ್ತ ಕಡಿಮೆ ಇದೆ, ಸರಿ. ಯಾಕೆ ಕಡಿಮೆ ಇದೆ? ಬೇರೆ ಕಡೆ ಕಬ್ಬಿಣಾಂಶದ ಕೊರತೆ ಎಂದುಕೊಂಡು ಮಾತ್ರೆ ಕೊಟ್ಟರೆ ಬಹುಪಾಲು ನಡೆದುಹೋಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಎಚ್.ಡಿ. ಕೋಟೆ, ಹುಣಸೂರು, ಕೊಡಗಿನ ಕಡೆಯ ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳಲ್ಲಿ ಆ ಊಹೆ ಸಾಲದು. ಇಲ್ಲಿ ಸಿಕಲ್ ಸೆಲ್ ಕೂಡ ಇದೆ, ಅಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ಕಾಯಿಲೆ. ಎರಡೂ ಕಾಯಿಲೆಗಳಲ್ಲಿ ಸುಸ್ತು ಒಂದೇ, ಬಿಳಿಚಿದ ರೆಪ್ಪೆ ಒಂದೇ, ಕಾರ್ಡ್‌ನ ಮೇಲಿನ ಅಂಕಿಯೂ ಒಂದೇ. ಚಿಕಿತ್ಸೆ ಮಾತ್ರ ಬೇರೆ.

ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ, 1952ರಲ್ಲಿ. ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರುವಾಗಿದ್ದು 2023ರ ಜುಲೈ 1ರಂದು, ಮಧ್ಯಪ್ರದೇಶದ ಶಹಡೋಲ್‌ನಲ್ಲಿ. ನಡುವೆ ಎಪ್ಪತ್ತು ವರ್ಷ ಹೋಯಿತು. ನೀಲಗಿರಿಯ ಗೂಡಲೂರು, ನಮ್ಮ ಬಿಳಿಗಿರಿರಂಗನ ಬೆಟ್ಟದಂಥ ಕಡೆಗಳಲ್ಲಿ ಸ್ವಯಂಸೇವಾ ಸಂಸ್ಥೆಗಳ ಆಸ್ಪತ್ರೆಗಳೇ ಆವರೆಗೆ ಭಾರ ಹೊತ್ತವು. ಮಿಷನ್ ಇಟ್ಟುಕೊಂಡ ಗುರಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ. ತಂಡ ಹಾಡಿಗೆ ಬರುತ್ತದೆ, ಬೆರಳು ಚುಚ್ಚುತ್ತದೆ. ಬಂದ ಫಲಿತಾಂಶವನ್ನು ಓದಿ ಹೇಳುವವರು ಹಾಡಿಯಲ್ಲೇ ಇಲ್ಲದಿದ್ದರೆ ಆ ಚೀಟಿ ಗುಡಿಸಲಿನ ಗಳಕ್ಕೆ ಸಿಕ್ಕಿಸಿದ ಕಾಗದವಾಗಿ ಉಳಿಯುತ್ತದೆ.

ಅದನ್ನು ಓದುವುದು ಕಷ್ಟವೇನಲ್ಲ. ಎಎ ಎಂದರೆ ರೋಗವಿಲ್ಲ. ಎಎಸ್ ಎಂದರೆ ವಾಹಕಿ, ತನಗೆ ರೋಗವಿಲ್ಲದಿದ್ದರೂ ಅದರ ಗುಣವನ್ನು ಮಕ್ಕಳಿಗೆ ದಾಟಿಸಬಲ್ಲವಳು. ಅವಳು ಆರೋಗ್ಯವಂತೆ, ಔಷಧಿ ಬೇಡ, ಬಸುರಿಯಾದಾಗ ಉಳಿದವರಂತೆ ಅವಳೂ ಕಬ್ಬಿಣದ ಮಾತ್ರೆ ನುಂಗಬೇಕು. ಎಸ್‌ಎಸ್ ಎಂದರೆ ರೋಗವಿದೆ. ಗಂಡ ಹೆಂಡತಿ ಇಬ್ಬರೂ ಎಎಸ್ ಆಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಮೊದಲ ಮಗುವಿಗೆ ಬಂತಲ್ಲ, ಇನ್ನು ಮೂರಕ್ಕೆ ಬರಲ್ಲ’ ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ಲೆಕ್ಕ ಹೊಸದು.

ಸ್ಥಳದಲ್ಲೇ ಮಾಡುವ ಸಾಲ್ಯುಬಿಲಿಟಿ ಟೆಸ್ಟ್ ಬಗ್ಗೆ ಎಚ್ಚರ ಬೇಕು. ರಕ್ತದ ಹನಿ ಬೆರೆಸಿದ ದ್ರಾವಣ ಕದಡಿ, ಕೊಳವೆಯ ಹಿಂದೆ ಹಿಡಿದ ಕಾಗದದ ಗೆರೆಗಳು ಕಾಣದಿದ್ದರೆ ಪಾಸಿಟಿವ್. ಆದರೆ ವಾಹಕಿಯಲ್ಲೂ ಪಾಸಿಟಿವ್, ರೋಗಿಯಲ್ಲೂ ಪಾಸಿಟಿವ್. ಯಾರು ಯಾವುದು ಎಂದು ಅದು ಹೇಳುವುದಿಲ್ಲ. ಅದಕ್ಕೆ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ (ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಪ್ರಯೋಗಾಲಯದ ಪರೀಕ್ಷೆಗಳು) ಆಗಲೇಬೇಕು. ರಕ್ತ ತೀರಾ ಕಡಿಮೆ ಇದ್ದವಳಲ್ಲಿ ಈ ಪರೀಕ್ಷೆ ನೆಗೆಟಿವ್ ತೋರಿಸಿ ಮೋಸ ಮಾಡಬಹುದು. ಆರು ತಿಂಗಳೊಳಗಿನ ಮಗುವಿಗೆ ಮಾಡಿ ಪ್ರಯೋಜನವಿಲ್ಲ, ಏಕೆಂದರೆ ಎಳೆಗೂಸಿನ ರಕ್ತದಲ್ಲಿ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಇನ್ನೂ ತುಂಬಿರುತ್ತದೆ.

ಹಿಮೋಗ್ಲೋಬಿನ್ ಅಳೆಯುವುದರಲ್ಲೂ ತಪ್ಪುಗಳಾಗುತ್ತವೆ. ಮಳೆಗಾಲದ ಬೆಳಿಗ್ಗೆ ಬೆರಳು ತಣ್ಣಗಿರುತ್ತದೆ. ರಕ್ತ ಬರಲಿಲ್ಲವೆಂದು ಹಿಂಡುತ್ತಾರೆ. ಹಿಂಡಿದರೆ ಅಂಗಾಂಶದ ನೀರು ಬೆರೆತು ಅಂಕಿ ಇಳಿಯುತ್ತದೆ. ಕೈಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆಸಿ ಒರೆಸಿ, ನಡುಬೆರಳು ಅಥವಾ ಉಂಗುರದ ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚಬೇಕು. ಸ್ಪಿರಿಟ್ ಪೂರ್ತಿ ಆರಿರಬೇಕು. ಮೊದಲ ಹನಿಯನ್ನು ಒರೆಸಿ ಹಾಕಿ, ಮುಂದಿನ ಹನಿಯನ್ನು ಸ್ಟ್ರಿಪ್‌ಗೆ ಒಂದೇ ಸಲಕ್ಕೆ ತುಂಬಿಸಬೇಕು. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟು ಕೆಲಸ ಮಾಡುವ ಅಭ್ಯಾಸ ಬಹಳ ಕಡೆ ಇದೆ. ಮಲೆನಾಡಿನ ತೇವಕ್ಕೆ ಅವು ಬೇಗ ಕೆಡುತ್ತವೆ.

ಬಸುರಿಗೆ 11 ಗ್ರಾಂ ಇರಬೇಕು. 10ರಿಂದ 10.9 ಸ್ವಲ್ಪ ಕೊರತೆ, 7ರಿಂದ 9.9 ಮಧ್ಯಮ, 7ಕ್ಕಿಂತ ಕಡಿಮೆಯಾದರೆ ತೀವ್ರ. ಕೊರತೆ ಇಲ್ಲದವಳಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕೆಂಪು ಮಾತ್ರೆ (60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ), ಕನಿಷ್ಠ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಸ್ವಲ್ಪ ಅಥವಾ ಮಧ್ಯಮ ಕೊರತೆ ಇದ್ದರೆ ದಿನಕ್ಕೆ ಎರಡು. 5ರಿಂದ 6.9 ಇದ್ದವಳಿಗೆ ವೈದ್ಯರ ಕೈಯಲ್ಲಿ ರಕ್ತನಾಳದ ಮೂಲಕ ಕಬ್ಬಿಣ. ಏಳು ತಿಂಗಳು ತುಂಬಿದ ಮೇಲಾದರೆ ಆಸ್ಪತ್ರೆಗೆ ಸೇರಿಸಿಯೇ. 5ಕ್ಕಿಂತ ಕೆಳಗಿದ್ದರೆ ಎಷ್ಟನೇ ತಿಂಗಳೆಂದು ನೋಡದೆ ರಕ್ತ ಕೊಡುವ ಆಸ್ಪತ್ರೆಗೆ ಕಳಿಸಬೇಕು.

‘ಮಾತ್ರೆ ನುಂಗ್ತಿದ್ದೀರಾ?’ ಎಂದು ಕೇಳಿದರೆ ಯಾರಾದರೂ ಹೂಂ ಅನ್ನುತ್ತಾರೆ. ‘ಪಟ್ಟಿ ತೋರ್ಸಕ್ಕ’ ಎಂದು ಕೇಳಿ ಉಳಿದ ಮಾತ್ರೆ ಎಣಿಸುವುದು ವಾಸಿ. ಬಿಟ್ಟಿದ್ದರೆ ಕಾರಣಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ: ಓಕರಿಕೆ, ಮಲಬದ್ಧತೆ, ಮಲ ಕಪ್ಪಾಗಿ ಹೋಗಿ ಹೆದರಿಕೆ, ಮಗು ದಪ್ಪಗಾಗಿ ಹೆರಿಗೆ ಕಷ್ಟವಾದೀತೆಂಬ ಮಾತು. ಊಟವಾದ ಮೇಲೆ ರಾತ್ರಿ ನುಂಗಿದರೆ ಓಕರಿಕೆ ಕಡಿಮೆ. ಮಲ ಕಪ್ಪಾಗುವುದು ಮಾತ್ರೆಯಿಂದಲೇ ಎಂದು ಮೊದಲ ದಿನವೇ ಹೇಳಿಬಿಡಬೇಕು. ಆಮೇಲೆ ಹೇಳಿದರೆ ಸಮಜಾಯಿಷಿ ಅನ್ನಿಸುತ್ತದೆ. ಚಹಾ, ಕಾಫಿ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೆ ನುಂಗಬಾರದು, ಎರಡು ಗಂಟೆ ಅಂತರವಿರಲಿ. ಆರೋಗ್ಯ ಕೇಂದ್ರದಲ್ಲಿ ಎರಡನ್ನೂ ಒಂದೇ ಪೊಟ್ಟಣದಲ್ಲಿ ಕೊಟ್ಟು ಕಳಿಸುವುದರಿಂದ ಒಟ್ಟಿಗೇ ನುಂಗುತ್ತಾರೆ, ಅವರ ತಪ್ಪಲ್ಲ. ಜಂತುಹುಳುವಿಗೆ ಅಲ್ಬೆಂಡಜೋಲ್ 400 ಮಿ.ಗ್ರಾಂ ಒಂದೇ ಒಂದು, ನಾಲ್ಕನೇ ತಿಂಗಳಾದ ಮೇಲೆ.

ತಿಂಗಳು ಸರಿಯಾಗಿ ನುಂಗಿಯೂ ಒಂದು ಗ್ರಾಂ ಏರದಿದ್ದರೆ ಅಲ್ಲಿ ನಿಲ್ಲಬೇಕು. ‘ನೀನು ನುಂಗಿಲ್ಲ’ ಎಂದು ಗದರುವ ಮುಂಚೆ ಸಿಕಲ್ ಸೆಲ್ ಪರೀಕ್ಷೆ ಆಗಿದೆಯೇ ನೋಡಬೇಕು. ಎಸ್‌ಎಸ್ ಇದ್ದವಳ ರಕ್ತಕಣಗಳು ಬೇಗ ಒಡೆಯುತ್ತವೆ, ಒಡೆದ ಕಣದ ಕಬ್ಬಿಣ ಮೈಯಲ್ಲೇ ಉಳಿಯುತ್ತದೆ. ಕೊರತೆ ಇದೆಯೆಂದು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ರಕ್ತಪರೀಕ್ಷೆ) ನೋಡಿ ಖಾತ್ರಿಯಾಗದೆ ಅವಳಿಗೆ ಕಬ್ಬಿಣ ಸುರಿಯುವುದು ಸರಿಯಲ್ಲ. ಮೇಲಿಂದ ಮೇಲೆ ರಕ್ತ ಹಾಕಿಸಿಕೊಂಡವಳಿಗಂತೂ ಅದು ಅಪಾಯ.

ಎಸ್‌ಎಸ್ ಇರುವ ಬಸುರಿಯ ದಾರಿ ಬೇರೆ. ಫೋಲಿಕ್ ಆಮ್ಲ ದಿನಕ್ಕೆ 5 ಮಿ.ಗ್ರಾಂ. ಸಿಕಲ್ ಸೆಲ್‌ಗೆ ಕೊಡುವ ಹೈಡ್ರಾಕ್ಸಿಯೂರಿಯಾ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮಗು ಬೇಕೆಂದಾಗ ಮೂರು ತಿಂಗಳು ಮುಂಚೆಯೇ ವೈದ್ಯರನ್ನು ಕೇಳಿ ನಿಲ್ಲಿಸಬೇಕಾಗುತ್ತದೆ. ಗರ್ಭ ನಿಂತಿದ್ದು ತಡವಾಗಿ ತಿಳಿದರೆ ಹೆದರಿಸದೆ ಕೂಡಲೇ ಕರೆದೊಯ್ಯಬೇಕು. ಭೇಟಿ ಕೊಟ್ಟಾಗಲೆಲ್ಲ ಬಿಪಿ ಮತ್ತು ಮೂತ್ರ ನೋಡಬೇಕು: ಬಸುರಿನ ಬಿಪಿ, ಮೂತ್ರದ ಸೋಂಕು ಇವರಿಗೆ ಹೆಚ್ಚು. ಮೈಕೈ ಮೂಳೆ ಹಿಂಡುವ ನೋವು ಬರುವುದು ಬಾಯಾರಿದಾಗ, ಮಳೆಯಲ್ಲಿ ನೆಂದಾಗ, ಜ್ವರ ಬಂದಾಗ, ದಣಿದಾಗ. ಹಾಗಾಗಿ ಕೆಲಸಕ್ಕೆ ಹೋಗುವಾಗ ನೀರಿನ ಬಾಟಲಿ, ಒಣಬಟ್ಟೆ, ಬೆಚ್ಚನೆ ಹೊದಿಕೆಯೂ ಔಷಧಿಯಷ್ಟೇ ಮುಖ್ಯ. ನೋವಿಗೆ ಮನೆಯಲ್ಲಿ ಪ್ಯಾರಾಸಿಟಮಾಲ್ ಸಾಕು. ಅಂಗಡಿಯಲ್ಲಿ ಸಿಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬಸುರಿಗೆ ಬೇಡ. ಎದೆನೋವು, ಏದುಸಿರು, 38 ಡಿಗ್ರಿ ದಾಟಿದ ಜ್ವರ, ಮಾತು ತೊದಲುವುದು, ಒಂದು ಕಡೆ ಕೈಕಾಲು ಬೀಳುವುದು ಕಂಡರೆ ಬೆಳಗಾಗುವವರೆಗೆ ಕಾಯುವಂತಿಲ್ಲ.

ಹೆರಿಗೆ ಮಾತ್ರ ರಕ್ತನಿಧಿ ಇರುವ ಆಸ್ಪತ್ರೆಯಲ್ಲೇ ಆಗಬೇಕು. ಹೆರಿಗೆಯ ನಂತರದ ಆರು ವಾರ ರಕ್ತ ಹೆಪ್ಪುಗಟ್ಟುವ ಭಯ ಇರುವುದರಿಂದ ಬಾಣಂತಿಯನ್ನು ಮಲಗಿಸಿಯೇ ಇಡುವುದು, ನೀರು ಕಡಿಮೆ ಕೊಡುವುದು ಎರಡೂ ಇವಳಿಗೆ ಕೇಡು. ಮುಂದಿನ ಮಗುವಿಗೆ ಅಂತರ ಬೇಕೆಂದರೆ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಹೊಂದುತ್ತದೆ. ಈಸ್ಟ್ರೋಜೆನ್ ಹಾರ್ಮೋನ್ ಇರುವ ಮಾಲಾ-ಎನ್ ಗರ್ಭನಿರೋಧಕ ಮಾತ್ರೆ ಕೊಡುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ಇನ್ನೊಂದು ಮಾತು. ಹಾಡಿಯ ಎಲ್ಲರೆದುರು ಹೆಸರು ಕೂಗಿ ‘ನಿನಗೆ ಸಿಕಲ್ ಸೆಲ್ ಇದೆ’ ಎಂದು ಚೀಟಿ ಹಂಚಬಾರದು. ಹುಡುಗನ ಚೀಟಿ ಯಾರೂ ಕೇಳುವುದಿಲ್ಲ, ಹುಡುಗಿಯ ಮದುವೆ ನಿಂತುಹೋಗುತ್ತದೆ. ವಾಹಕಿ ಎಂಬ ಕಾರಣಕ್ಕೆ ಯಾರ ಮದುವೆಯೂ ನಿಲ್ಲಬೇಕಿಲ್ಲ. ಎರಡೂ ಕಡೆಯವರ ಪರೀಕ್ಷೆ ಆಗಬೇಕು, ಅಷ್ಟೆ. ಇಬ್ಬರೂ ವಾಹಕರಾಗಿ ಗರ್ಭ ನಿಂತರೆ 10–12ನೇ ವಾರದಲ್ಲಿ ಅಥವಾ 15ರ ನಂತರ ಗರ್ಭದಲ್ಲೇ ಪರೀಕ್ಷೆ ಮಾಡುವ ಅವಕಾಶ ದೊಡ್ಡ ಆಸ್ಪತ್ರೆಗಳಲ್ಲಿದೆ. ಅದಕ್ಕೆ ಮೂರು ತಿಂಗಳೊಳಗೆ ಹೆಸರು ನೋಂದಣಿಯಾಗಿರಬೇಕು.

ಇನ್ನು ದಾರಿಯ ವಿಷಯ. ಸರ್ಕಾರದ ಮಾನದಂಡದಲ್ಲಿ ಬಯಲಿನ ಉಪಕೇಂದ್ರಕ್ಕೆ 5,000 ಜನ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000. ಅದು ತಲೆಲೆಕ್ಕ, ನಡಿಗೆಯ ಲೆಕ್ಕವಲ್ಲ. ಮೂರು ಸಾವಿರ ಜನ ಇಪ್ಪತ್ತು ಹಾಡಿಗಳಲ್ಲಿ ಚದುರಿದ್ದರೆ ಸಿಸ್ಟರ್ ಎಷ್ಟು ದಿನಕ್ಕೊಮ್ಮೆ ಬಂದಾರು? ಬಸುರಿ ಬಾಣಂತಿಯರಿಗಾಗಿ 2017ರಿಂದ ನಡೆಯುತ್ತಿರುವ ಮಾತೃಪೂರ್ಣ ಯೋಜನೆಯ ಬಿಸಿಯೂಟ ಒಳ್ಳೆಯದೇ, ಆದರೆ ಅಂಗನವಾಡಿಗೆ ಆನೆ ಓಡಾಡುವ ದಾರಿಯಲ್ಲಿ ನಡೆಯಬೇಕಾದ ತುಂಬು ಬಸುರಿಗೆ ಆ ಊಟ ಹೆಸರಿಗೆ ಮಾತ್ರ.

ಅದಕ್ಕೇ ಹೆರಿಗೆಯ ಏರ್ಪಾಟು ಏಳನೇ ತಿಂಗಳಲ್ಲೇ ಬರವಣಿಗೆಯಲ್ಲಿರಬೇಕು. ಯಾವ ಆಸ್ಪತ್ರೆ, ಅಲ್ಲಿ ರಕ್ತ ಸಿಗುತ್ತದೆಯೇ, ಅವಳ ಗುಂಪಿನ ರಕ್ತ ಕೊಡುವವರು ಯಾರು, ಮೊಬೈಲ್ ಸಿಗ್ನಲ್ ಹಾಡಿಯ ಯಾವ ದಿಬ್ಬದ ಮೇಲೆ ಸಿಗುತ್ತದೆ, 108 ಎಲ್ಲಿಯವರೆಗೆ ಬರುತ್ತದೆ, ಅಲ್ಲಿಗೆ ಅವಳನ್ನು ಹೊತ್ತು ತರುವವರು ಯಾರು, ಜೀಪು ಯಾರದು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಆಂಬ್ಯುಲೆನ್ಸ್‌ಗೆ ವಿನಾಯಿತಿ ಇದ್ದರೂ ಜೀಪಿನಲ್ಲಿ ಹೊರಟವರು ಗೇಟಿನಲ್ಲಿ ವಿವರಣೆ ಕೊಡುತ್ತಾ ನಿಲ್ಲಬೇಕಾದೀತು, ಹಾಗಾಗಿ ವಲಯ ಅರಣ್ಯ ಕಚೇರಿಯ ನಂಬರು ಕಾರ್ಡ್‌ನ ಹಿಂದೆ ಇರಲಿ. ದೂರದ ಹಾಡಿಯವಳು ದಿನ ತುಂಬುವ ಒಂದೆರಡು ವಾರ ಮುಂಚೆಯೇ ಆಸ್ಪತ್ರೆಯ ಹತ್ತಿರ ಬಂದು ಉಳಿಯುವುದು ಕ್ಷೇಮ. ಅವಳು ಬರಲೊಪ್ಪದ ಕಾರಣ ಕೇಳಿದರೆ ಆಸ್ಪತ್ರೆಯ ಭಯಕ್ಕಿಂತ ಮುಂಚೆ ಬರುವ ಉತ್ತರ ‘ಚಿಕ್ಕದನ್ನ ಯಾರು ನೋಡ್ಕೋತಾರೆ’. ಸರ್ಕಾರದ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಹೆರಿಗೆ, ಸಿಸೇರಿಯನ್, ರಕ್ತ, ಔಷಧಿ, ಹೋಗಿ ಬರುವ ವಾಹನ ಎಲ್ಲ ಉಚಿತ. ಊಟ ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ. ಆ ಊಟ ಬಾಣಂತಿಗೆ ಮಾತ್ರ. ಜೊತೆಗೆ ಬಂದ ಅತ್ತೆಯ ಊಟಕ್ಕೆ, ಅವಳ ಹೋದ ಕೂಲಿಗೆ ಮೊದಲೇ ಹಾಡಿಯ ಸಂಘದಲ್ಲಿ ಹಣ ಎತ್ತಿಡದಿದ್ದರೆ ಯೋಜನೆ ಅಲ್ಲೇ ಮುರಿಯುತ್ತದೆ.

ಹೆರಿಗೆ ಮಾಡಿಸುತ್ತಿದ್ದ ಅಜ್ಜಿಯನ್ನು ದೂರವಿಟ್ಟು ಇದನ್ನೆಲ್ಲ ಮಾಡಲು ಹೋದವರು ಸೋತಿದ್ದಾರೆ. ಬೇನೆ ಬಂದಾಗ ಮೊದಲು ತಿಳಿಯುವುದು ಅವಳಿಗೇ. ಅವಳನ್ನು ಜೊತೆಗಾತಿಯಾಗಿ ಆಸ್ಪತ್ರೆಗೆ ಕರೆದೊಯ್ದರೆ ಹುಡುಗಿಯ ಧೈರ್ಯ ಉಳಿಯುತ್ತದೆ, ಭಾಷೆಯ ತೊಡಕೂ ತಪ್ಪುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬುಡಕಟ್ಟಿನ ಹೆಣ್ಣುಮಕ್ಕಳನ್ನೇ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ತರಬೇತಿಗೆ ಕೂರಿಸಿದ್ದು ಇದೇ ದಾರಿಯ ಮುಂದುವರಿದ ಹೆಜ್ಜೆ.

ಎಲ್ಲ ತಪ್ಪಿ ಮನೆಯಲ್ಲೇ ಹೆರಿಗೆಯಾಗುವ ದೂರದ ಹಾಡಿಗಳಿಗಾಗಿ, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮುಂಗಡವಾಗಿ ಕೊಡುವ ಕೇಂದ್ರದ ಮಾರ್ಗಸೂಚಿ ಇದೆ: 200 ಮೈಕ್ರೋಗ್ರಾಂನ ಮೂರು ಮಾತ್ರೆ, ಒಟ್ಟಿಗೆ, ನೀರಿನ ಜೊತೆ. ಮಗು ಹೊರಬಂದ ಮೇಲೆ, ಹೊಟ್ಟೆ ಮುಟ್ಟಿ ಇನ್ನೊಂದು ಮಗು ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಮಾತ್ರ. ಬೇನೆ ಜೋರಾಗಲೆಂದು ಮುಂಚೆ ಕೊಟ್ಟರೆ ಗರ್ಭಕೋಶ ಒಡೆಯಬಹುದು. ಚಳಿ, ನಡುಕ, ಸಣ್ಣ ಜ್ವರ ಬಂದರೆ ಹೆದರಬೇಕಿಲ್ಲ. ಮಾತ್ರೆ ಕೊಟ್ಟರೂ ಬಟ್ಟೆ ಬೇಗ ಬೇಗ ತೊಯ್ಯುತ್ತಿದ್ದರೆ ಮೂತ್ರ ಹೋಗಿಸಿ, ಹೊಕ್ಕುಳ ಕೆಳಗೆ ಗರ್ಭಕೋಶ ಗಟ್ಟಿಯಾಗುವವರೆಗೆ ಉಜ್ಜುತ್ತಾ, ಮಗುವನ್ನು ಎದೆಗೆ ಹಚ್ಚಿ, ಹೊರಟುಬಿಡಬೇಕು.

ಬಾಣಂತನದಲ್ಲಿ ಆಶಾ ಕಾರ್ಯಕರ್ತೆಯ ಮನೆಭೇಟಿ 3, 7, 14, 21, 28, 42ನೇ ದಿನ. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಸೇರಿ ಏಳು. ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಹಳ್ಳಿಯ ಹೆಂಗಸರಿಗೆ ಕಲಿಸಿ ತೋರಿಸಿದ ಕೆಲಸವೇ ಇದಕ್ಕೆ ಬುನಾದಿ. ಮಗುವನ್ನು ತೂಗಬೇಕು (2.5 ಕಿಲೋಗಿಂತ ಕಡಿಮೆಯಾದರೆ ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಬೆಚ್ಚಗಿಡುವುದು, 1.8ಕ್ಕಿಂತ ಕಡಿಮೆಯಾದರೆ ಆಸ್ಪತ್ರೆ), ಉಸಿರು ಪೂರ್ತಿ ಒಂದು ನಿಮಿಷ ಎಣಿಸಬೇಕು, 60 ಮತ್ತು ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ, ಹಾಗೇ ಇದ್ದರೆ ಕಳಿಸಬೇಕು. ಆದರೆ ಮಗುವನ್ನು ನೋಡಿ ಎದ್ದುಹೋಗುವ ಅಭ್ಯಾಸ ಬೆಳೆದಿದೆ. ತಾಯಿಯ ರಕ್ತಸ್ರಾವ, ಜ್ವರ, ವಾಸನೆಯ ಸ್ರಾವ, ತಲೆನೋವು, ಮಾತ್ರೆಯ ಪಟ್ಟಿ ಕೇಳದೆ ಆ ಭೇಟಿ ಮುಗಿಯಬಾರದು.

ಕಾಫಿ ಹಣ್ಣಿನ ಕಾಲ ಬಂದರೆ, ನವೆಂಬರಿನಿಂದ ಫೆಬ್ರವರಿಯವರೆಗೆ, ಹಾಡಿಗೆ ಹಾಡಿಯೇ ಕೊಡಗಿನ ತೋಟದ ಲೈನ್ ಮನೆಗಳಿಗೆ ಹೋಗುತ್ತದೆ. 14ನೇ ದಿನದ ನಂತರದ ಭೇಟಿಗಳು ಆಗ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಹೊರಡುವ ಮುಂಚೆ ತೋಟದ ಊರಿನ ಆಶಾಳ ಫೋನ್ ನಂಬರು ಹುಡುಕಿ ಕಾರ್ಡ್‌ನಲ್ಲಿ ಬರೆದುಕೊಡಬೇಕು, ಮಾತ್ರೆ ಎರಡು ತಿಂಗಳಿಗಾಗುವಷ್ಟು ಕೊಡಬೇಕು, ಕಾರ್ಡ್‌ನ ಮತ್ತು ಸಿಕಲ್ ಸೆಲ್ ಫಲಿತಾಂಶದ ಫೋಟೊವನ್ನು ಗಂಡನ ಮೊಬೈಲಿಗೂ ಮೇಸ್ತ್ರಿಯಲ್ಲದ ಇನ್ನೊಬ್ಬ ನೆಂಟರ ಮೊಬೈಲಿಗೂ ಹಾಕಬೇಕು. ಕಾರ್ಡ್‌ನ ಮೇಲಿರುವ ಆರ್‌ಸಿಎಚ್ ಸಂಖ್ಯೆಯನ್ನು (ಸರ್ಕಾರದ ತಾಯಿ-ಮಗುವಿನ ದಾಖಲೆಯಲ್ಲಿ ಅವಳ ನೋಂದಣಿ ಸಂಖ್ಯೆ) ಪ್ರತ್ಯೇಕವಾಗಿ ಬರೆದಿಟ್ಟಿರಲಿ. ಮಳೆಗೆ ನೆಂದು ಕಾರ್ಡ್ ಹಾಳಾದರೂ ಆ ಸಂಖ್ಯೆ ಹಾಕಿದರೆ ಬೇರೆ ಆರೋಗ್ಯ ಕೇಂದ್ರದಲ್ಲೂ ಅವಳ ವಿವರ ಸಿಗುತ್ತದೆ.