ಕುಂಬಾರನ ಹೊಲದ ಮೇಲೆ ನಡೆದ ವಾದ

ಆ ಶುಭ ಶುಕ್ರವಾರದ ರಾತ್ರಿ ನಾನು ತೀರಿಹೋದ ಅಜ್ಜಿಯ ಸತ್ಯವೇದವನ್ನು, ಅಂದರೆ ಬೈಬಲನ್ನು, ಮಡಿಲಲ್ಲಿಟ್ಟುಕೊಂಡು, ಮುಖ ನೋಡಿರದ ಒಬ್ಬರೊಡನೆ ಅಂತರ್ಜಾಲದಲ್ಲಿ ವಾದಕ್ಕೆ ಕುಳಿತಿದ್ದೆ. ಅಜ್ಜಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದ ವಾಕ್ಯಗಳು ಪುಟಪುಟದಲ್ಲೂ ಇದ್ದವು. ಯಾವುದೋ ಗರಿಗಳ ಭಾನುವಾರದ ಒಣಗಿದ ಗರಿಯ ತುಂಡು ಕೀರ್ತನೆಗಳ ನಡುವೆ ಹಾಗೆಯೇ ಉಳಿದಿತ್ತು. ಆ ಗ್ರಂಥವನ್ನು ನಾನು ಅದರ ವಿರುದ್ಧವೇ ಸಾಕ್ಷಿಯಾಗಿ ಬಳಸುತ್ತಿದ್ದೆ.

ವಾದವಿದ್ದದ್ದು ಹಣಕ್ಕಾಗಿ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದನ ಸಾವಿನ ಬಗ್ಗೆ. ಮತ್ತಾಯನ ಸುವಾರ್ತೆಯ 27ನೆಯ ಅಧ್ಯಾಯದಲ್ಲಿ ಯೂದನು ಮೂವತ್ತು ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲಿ ಬಿಸಾಡಿ ಉರ್ಲು ಹಾಕಿಕೊಳ್ಳುತ್ತಾನೆ, ಆ ಹಣದಿಂದ ಕುಂಬಾರನ ಹೊಲವನ್ನು ಕೊಂಡುಕೊಳ್ಳುವವರು ಮಹಾಯಾಜಕರು. ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಾದರೋ ಹೊಲವನ್ನು ಕೊಂಡವನು ಯೂದನೇ. ಅವನು ಸಾಯುವುದು ಬೋರಲಾಗಿ ಬಿದ್ದು, ಹೊಟ್ಟೆ ಒಡೆದು. ಹಗ್ಗ ಹರಿದು ದೇಹ ಕೆಳಗೆ ಬಿದ್ದಿರಬಹುದು ಎಂದು ನನ್ನೊಡನೆ ವಾದಿಸುತ್ತಿದ್ದವರು ಬರೆದರು. ಇದು ಬಹಳ ಹಳೆಯ ಸಮಾಧಾನ, ನಾನು ಭಾನುವಾರ ಶಾಲೆಯಲ್ಲೇ ಕೇಳಿದ್ದು. ಹಾಗಾದರೆ ಹೊಲವನ್ನು ಕೊಂಡವರು ಯಾರು ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು: "ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಆದರೆ ನನ್ನ ನಂಬಿಕೆ ಆ ಹೊಲದ ಮೇಲೆ ನಿಂತದ್ದಲ್ಲ."

ಅದನ್ನು ಓದಿ ನಾನು ಸುಮ್ಮನಾದೆ, ಏಕೆಂದರೆ ನನ್ನ ನಂಬಿಕೆ ಬಿದ್ದದ್ದೂ ಆ ಹೊಲದಲ್ಲಿ ಅಲ್ಲ. 2004ರ ಡಿಸೆಂಬರ್ 26 ಭಾನುವಾರವಾಗಿತ್ತು. ನಾವು ಮಂಗಳೂರಿನಲ್ಲಿ ಆರಾಧನೆ ಮುಗಿಸಿ ಮನೆಗೆ ಬಂದಾಗ ಟಿವಿಯಲ್ಲಿ ಸುನಾಮಿಯ ಸುದ್ದಿ ಬರುತ್ತಿತ್ತು. ಕ್ರಿಸ್ಮಸ್ಸಿಗೆಂದು ತಮಿಳುನಾಡಿನ ಕಡಲತೀರದ ಮರಿಯಮಾತೆಯ ಕ್ಷೇತ್ರ ವೇಲಾಂಕಣಿಗೆ ಹೋಗಿದ್ದ ಯಾತ್ರಿಕರು ನೂರಾರು ಸಂಖ್ಯೆಯಲ್ಲಿ ಕಡಲ ದಂಡೆಯಲ್ಲಿ ಸತ್ತಿದ್ದರು. ನೀರು ಅಲ್ಲಿನ ದೊಡ್ಡ ಇಗರ್ಜಿ ಬೆಸಿಲಿಕಾದೊಳಗೆ ನುಗ್ಗಲಿಲ್ಲವೆಂಬುದನ್ನು ಆ ವಾರವೆಲ್ಲ ಜನ ಪವಾಡವೆಂದು ಹೇಳಿಕೊಂಡರು. ನಾವು ಪ್ರೊಟೆಸ್ಟೆಂಟರು, ಮಾತೆಗೆ ಹರಕೆ ಹೊರುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ನಮ್ಮ ಮನೆಯ ಜಗಲಿಯಲ್ಲೇ ಆ ಮಾತನ್ನು ಭಕ್ತಿಯಿಂದ ಆಡಿದವರಿದ್ದರು. ಕಟ್ಟಡವನ್ನು ಕಾಯಬಲ್ಲ ದೇವರು ಅದನ್ನು ನೋಡಲು ಬಂದ ಮಕ್ಕಳನ್ನು ಕಾಯಲಿಲ್ಲವೇಕೆ ಎಂದು ನಾನು ಕೇಳಿದ್ದಕ್ಕೆ, ಅಮ್ಮ ನನ್ನ ಮುಖ ನೋಡಿ ಒಳಗೆ ಹೋದಳು. ಅಲ್ಲಿಂದ ಮುಂದೆ ಎರಡು ವರ್ಷ ನಾನು ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದ್ದು ಬರೀ ಅವಳಿಗಾಗಿ. ಸುವಾರ್ತೆಗಳ ಒಳಗಿನ ವಿರೋಧಗಳನ್ನೆಲ್ಲ ಹುಡುಕಿ ಓದಿದ್ದು ನಂಬಿಕೆ ಹೋದ ಮೇಲೆ, ಹೋದದ್ದಕ್ಕೆ ಲೆಕ್ಕ ಕೊಡಬೇಕೆನ್ನಿಸಿದಾಗ.

ಇದನ್ನೆಲ್ಲ ಅವರಿಗೆ ಬರೆಯುವ ಮೊದಲೇ ಬೇರೆಯವರು ನಡುವೆ ಬಂದರು. ನನ್ನ ಪ್ರಶ್ನೆಯನ್ನು ಕೊಂಡಾಡಿದರು, ಕ್ರೈಸ್ತರನ್ನು ಬಾಯಿಗೆ ಬಂದಂತೆ ಹೀಯಾಳಿಸಿದರು, "ಸತ್ಯ ಗೊತ್ತಾಯಿತಲ್ಲ, ಇನ್ನು ಮಾತೃಧರ್ಮಕ್ಕೆ ಮರಳಿ ಬಾ" ಎಂದು ಕರೆದರು. ನನ್ನ ಮಾತು ಅವರ ಕೈಯಲ್ಲಿ ಕಲ್ಲಾಗಿರುವುದನ್ನು ನೋಡಿ ಮೈ ತಣ್ಣಗಾಯಿತು. 2008ರ ಸೆಪ್ಟೆಂಬರ್ 14ರಂದು, ಅದೂ ಭಾನುವಾರವೇ, ಮಂಗಳೂರಿನಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗ ನಾನು ಬೆಂಗಳೂರಿನಲ್ಲಿದ್ದೆ, ಇಗರ್ಜಿಯ ಮೆಟ್ಟಿಲು ಹತ್ತುವುದನ್ನು ಅಷ್ಟರಲ್ಲೇ ನಿಲ್ಲಿಸಿದ್ದೆ. ಆ ದಿನ ಅಮ್ಮ ಫೋನು ಎತ್ತುವವರೆಗೆ ನಾನು ಪಟ್ಟ ಪಾಡಿನಲ್ಲಿ, ದೇವರಿದ್ದಾನೆಯೇ ಎಂಬ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಮರಳಿ ಬಾ ಎನ್ನುವವರು ಯಾವ ಮನೆಗೆ ಕರೆಯುತ್ತಿದ್ದಾರೆ? ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರು ಜಾತಿಯಿಂದ ಹೊರಬಿದ್ದು ಕಸುಬು ಕಳೆದುಕೊಂಡಾಗ ಮಿಷನ್ನಿನವರು ಮಗ್ಗಗಳನ್ನು ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ನಮ್ಮ ಮನೆತನದ ಮೊದಲ ಕ್ರೈಸ್ತನು ಬಿಲ್ಲವನಾಗಿದ್ದ, ಆ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುತ್ತಿದ್ದ. ಬಿಲ್ಲವರನ್ನು ದೇವಸ್ಥಾನದೊಳಗೆ ಬಿಟ್ಟುಕೊಳ್ಳದ ಕಾಲವದು. ಅವರಿಗಾಗಿ ಮಂಗಳೂರಿನ ಕುದ್ರೋಳಿಯಲ್ಲಿ ನಾರಾಯಣ ಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ್ದು 1912ರಲ್ಲಿ. ನಮ್ಮ ಆ ಮೊದಲ ಕ್ರೈಸ್ತನನ್ನು ಮನುಷ್ಯನಂತೆ ನಿಲ್ಲಿಸಿದ ಕ್ರೈಸ್ತ ಸಭೆಯ ಋಣ ನನ್ನ ಮೇಲಿದೆ. ಆ ಸಭೆ ಹೇಳುವ ದೇವರನ್ನು ನಾನು ನಂಬಲಾರೆ. ಇವೆರಡನ್ನೂ ಒಟ್ಟಿಗೆ ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಇದನ್ನೂ ದಾಳಿಯ ದಿನದ ನನ್ನ ಪಾಡನ್ನೂ ಬರೆದು ಹಾಕಿದೆ. ಕೊಂಡಾಡಿದವರಲ್ಲಿ ಕೆಲವರು ಬೈದು ಹೊರಟುಹೋದರು. ಯೂದನ ಬಗ್ಗೆ ವಾದಿಸಿದವರು ಮಾತ್ರ ಬೆಳಿಗ್ಗೆ ಹೀಗೆ ಬರೆದಿದ್ದರು: "ನಿಮ್ಮ ಅಮ್ಮ ಅಂದು ಕ್ಷೇಮವಾಗಿದ್ದರೇ?" ಕ್ಷೇಮವಾಗಿದ್ದಳೆಂದು ತಿಳಿಸಿದೆ, ವೇಲಾಂಕಣಿಯ ವಿಷಯವನ್ನೂ ಬರೆದೆ. ಅದಕ್ಕೂ ಅವರ ಬಳಿ ಉತ್ತರವಿರಲಿಲ್ಲ, ಮತ್ತು ಅವರು ಉತ್ತರವಿದೆಯೆಂದು ನಟಿಸಲಿಲ್ಲ.

ಆ ಮಧ್ಯಾಹ್ನ ಅಮ್ಮ ಫೋನು ಮಾಡಿದಳು. "ನಾಳೆ ಈಸ್ಟರ್. ಆರಾಧನೆಗೆ ಬಾ ಅಂತ ಹೇಳುವುದಿಲ್ಲ ಮಗಾ. ಅಜ್ಜಿಯ ಗೋರಿಗೆ ಹೂ ಇಡಲಿಕ್ಕಾದರೂ ಬರ್ತೀಯಾ?"

ರಾತ್ರಿಯ ಬಸ್ಸಿಗೆ ಹೊರಟೆ. ಬೆಳಗಿನ ಜಾವ ಸ್ಮಶಾನದಲ್ಲಿ ಮೇಣದ ಬತ್ತಿಗಳ ನಡುವೆ ಸಭೆಯವರು ಪುನರುತ್ಥಾನದ ಹಾಡು ಹಾಡುತ್ತಿದ್ದರು. ನಾನು ಹಾಡಲಿಲ್ಲ. ಅಮ್ಮ ಕೊಟ್ಟ ಸೇವಂತಿಗೆಗಳನ್ನು ಕಲ್ಲಿನ ಮೇಲೆ ಒಂದೊಂದಾಗಿ ಜೋಡಿಸಿದೆ. ಗಾಳಿಗೆ ಆರುತ್ತಿದ್ದ ಬತ್ತಿಗೆ ಅವಳು ಅಂಗೈ ಅಡ್ಡ ಹಿಡಿದಿದ್ದಳು.